ಗಡಿ ತಾಲ್ಲೂಕುಗಳ ಶಾಲೆ: ಪರಭಾಷೆಯ ನಡುವೆ ಮಾಸ್ತರರ ಬದುಕು, ಪಯಣ

ಪರನಾಡಿನಲ್ಲಿ ಪಾಠ ಹೇಳುವ ಶಿಕ್ಷಕ ಎಂದೊಡನೆ ನೆನಪಾಗುವುದು ಚೀನಾಕ್ಕೋ ಕೊಲ್ಲಿ ರಾಷ್ಟ್ರಗಳಿಗೋ ತೆರಳಿ ಇಂಗ್ಲಿಷ್ ಕಲಿಸುವವರ ಚಿತ್ರ. ಬೀದಿಯಲ್ಲಿ ಆಡುವ ಮಾತು ತನ್ನದಲ್ಲ, ತರಗತಿಯ ಮಕ್ಕಳಿಗೆ ತನ್ನ ಮಾತು ತಿಳಿಯದು, ರಜೆ ಬಂದರೆ ಊರಿಗೆ ದೂರದ ದಾರಿ. ಇಂಥ ಬದುಕು ಪಾಸ್‌ಪೋರ್ಟ್, ವೀಸಾಗಳ ಹಂಗಿಲ್ಲದೆಯೇ ದೊರೆಯುವ ತಾಣವೊಂದು ನಮ್ಮ ರಾಜ್ಯದಲ್ಲೇ ಇದೆ. ಅದು ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ತಾಲ್ಲೂಕುಗಳ ಸೀಮೆ.

ಗಡಿ ವಿವಾದದ ಸುದ್ದಿ ಬಂದಾಗಲೆಲ್ಲ ಈ ಊರುಗಳ ಹೆಸರು ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಬಸ್ಸಿಗೆ ಮಸಿ ಬಳಿದದ್ದು, ನಾಮಫಲಕ ಒಡೆದದ್ದು ಸುದ್ದಿಯಾಗುತ್ತವೆ. ಅದೇ ದಿನ ಬೆಳಿಗ್ಗೆ ಮರಾಠಿ ಮಾತಾಡುವ ಮನೆಯ ಮಗುವಿಗೆ ಕನ್ನಡದ ಕಾಗುಣಿತ ತಿದ್ದಿಸಿದ ಶಿಕ್ಷಕಿ ಮಾತ್ರ ಸುದ್ದಿಯಾಗುವುದಿಲ್ಲ. ಆದರೆ ಗಡಿಯ ನಿಜವಾದ ವ್ಯವಹಾರ ನಡೆಯುತ್ತಿರುವುದು ಆಕೆಯ ತರಗತಿಯಲ್ಲಿ.

ಗೆರೆ ಎಳೆದದ್ದು ಹೀಗೆ

1956ರ ನವೆಂಬರ್ 1ರವರೆಗೆ ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ರಾಜ್ಯ ಪುನರ್ವಿಂಗಡಣೆಯಾದಾಗ ಚಂದಗಡ ತಾಲ್ಲೂಕನ್ನು ಹೊರತುಪಡಿಸಿ ಉಳಿದ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1967ರಲ್ಲಿ ವರದಿ ನೀಡಿದ ಮಹಾಜನ ಆಯೋಗವು ಬೆಳಗಾವಿ ನಗರ ಮೈಸೂರಿನಲ್ಲೇ ಉಳಿಯಲಿ ಎಂದಿತು. ನಿಪ್ಪಾಣಿ ಮಹಾರಾಷ್ಟ್ರಕ್ಕೆ, ಅಕ್ಕಲಕೋಟೆ ಹಾಗೂ ಜತ್ತ ತಾಲ್ಲೂಕಿನ ಕೆಲವು ಹಳ್ಳಿಗಳು ಮೈಸೂರಿಗೆ ಎಂಬುದೂ ಅದೇ ವರದಿಯ ಮಾತು. ಎರಡೂ ಕಡೆ ಯಾವ ಊರೂ ಕದಲಲಿಲ್ಲ. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು.

ಗೆರೆ ಎಲ್ಲಿಯೇ ಹಾಯಲಿ, ಎರಡೂ ಬದಿಯಲ್ಲಿ ಎರಡೂ ಭಾಷೆಯ ಮನೆಗಳು ಉಳಿದವು. ನಿಪ್ಪಾಣಿ ಪೇಟೆಯಲ್ಲಿ ಮರಾಠಿಯದೇ ಪ್ರಾಬಲ್ಯ. ರಾಯಬಾಗ, ಅಥಣಿಗಳಲ್ಲಿ ಕನ್ನಡ ಗಟ್ಟಿ. ಕಾಗವಾಡ, ಚಿಕ್ಕೋಡಿಗಳಲ್ಲಿ ಓಣಿ ಬದಲಾದರೆ ಮಾತೂ ಬದಲಾಗುತ್ತದೆ. ಕುಡಚಿಗೆ ಬಂದರೆ ಉರ್ದು ಶಾಲೆಯೂ ಕೂಡಿಕೊಳ್ಳುತ್ತದೆ. ನಿಪ್ಪಾಣಿಯು ಚಿಕ್ಕೋಡಿಯಿಂದ, ಕಾಗವಾಡವು ಅಥಣಿಯಿಂದ ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕುಗಳಾಗಿ ಕೆಲಸ ಆರಂಭಿಸಿದ್ದು 2018ರಲ್ಲಿ. ಶಾಲಾ ಶಿಕ್ಷಣ ಇಲಾಖೆಯ ಲೆಕ್ಕದಲ್ಲಂತೂ ಈ ಐದೂ ತಾಲ್ಲೂಕುಗಳು ‘ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆ’ಗೆ ಸೇರಿವೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಬೆಳಗಾವಿ, ಚಿಕ್ಕೋಡಿ ಎಂದು ಎರಡು ಹೆಸರು ಬರುವುದು ಇದೇ ಕಾರಣಕ್ಕೆ.

ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣ ಪಡೆಯಲು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಸೂಕ್ತ ಅನುಕೂಲ ಕಲ್ಪಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಇದು ಸೇರ್ಪಡೆಯಾದದ್ದೂ 1956ರಲ್ಲೇ, ಏಳನೇ ತಿದ್ದುಪಡಿಯ ಮೂಲಕ. ಅದರಂತೆ ಕರ್ನಾಟಕ ಸರ್ಕಾರ ನಿಪ್ಪಾಣಿ ಭಾಗದಲ್ಲಿ ಮರಾಠಿ ಮಾಧ್ಯಮದ ಶಾಲೆಗಳನ್ನು ನಡೆಸುತ್ತದೆ; ಅತ್ತ ಜತ್ತ, ಅಕ್ಕಲಕೋಟೆಗಳಲ್ಲಿ ಮಹಾರಾಷ್ಟ್ರದ ಜಿಲ್ಲಾ ಪರಿಷತ್ತುಗಳು ಕನ್ನಡ ಶಾಲೆಗಳನ್ನು ನಡೆಸುತ್ತವೆ. ಆ ಮಕ್ಕಳ ಕನ್ನಡ ಪಠ್ಯಪುಸ್ತಕ ಅಚ್ಚಾಗಿ ಬರುವುದು ಬೆಂಗಳೂರಿನಿಂದಲ್ಲ, ಪುಣೆಯ ‘ಬಾಲಭಾರತಿ’ ಸಂಸ್ಥೆಯಿಂದ. ಬೆಂಗಳೂರಿನ ಓದುಗರಿಗೆ ಇದು ಅಚ್ಚರಿಯೆನಿಸೀತು.

ಕೆರೆ ಕೇರೆಯಾದಾಗ

ಮರಾಠಿ ಮಾಧ್ಯಮದ ಶಾಲೆಗೆ ಕನ್ನಡ ಕಲಿಸಲು ಬರುವ ಶಿಕ್ಷಕರ ಕಷ್ಟ ಏನೆಂಬುದು ತರಗತಿಯ ಹೊರಗಿದ್ದವರಿಗೆ ಹೊಳೆಯುವುದಿಲ್ಲ. ಮಕ್ಕಳು ದೇವನಾಗರಿ ಬಲ್ಲರು; ಕನ್ನಡದ ಅಕ್ಷರಮಾಲೆಯ ಕ್ರಮವೂ ಹೆಚ್ಚು ಕಡಿಮೆ ಅದೇ. ಹಾಗಾಗಿ ಲಿಪಿ ಬೇಗ ಕೈಗೆ ಹತ್ತುತ್ತದೆ. ತೊಡಕು ಇರುವುದು ಬೇರೆ ಕಡೆ.

ಮರಾಠಿಯಲ್ಲಿ ಎ-ಏ, ಒ-ಓ ಎಂಬ ಹ್ರಸ್ವ ದೀರ್ಘದ ಭೇದವಿಲ್ಲ. ಆ ಕಿವಿಗೆ ಎರಡೂ ಒಂದೇ. ಆದುದರಿಂದ ಮಗು ‘ಊರಿನ ಕೆರೆ ತುಂಬಿದೆ’ ಎಂದು ಬರೆಯಹೋಗಿ ‘ಕೇರೆ’ ಎಂದು ಬರೆದರೆ ಊರಿನಲ್ಲಿ ನೀರಿನ ಬದಲು ಹಾವು ತುಂಬಿಕೊಳ್ಳುತ್ತದೆ. ‘ಕೊಡು’ ಎಂಬುದು ‘ಕೋಡು’ ಆಗುತ್ತದೆ. ಮೈಸೂರು, ತುಮಕೂರು ಕಡೆಯಿಂದ ಬಂದ ಹೊಸ ಶಿಕ್ಷಕರು ಇದನ್ನು ಅಲಕ್ಷ್ಯವೆಂದು ತಿಳಿದು ಕೆಂಪು ಶಾಯಿಯಲ್ಲಿ ಗೆರೆ ಹೊಡೆಯುವ ಸಾಧ್ಯತೆಯೇ ಹೆಚ್ಚು. ಮರಾಠಿ ತುಸು ಬಲ್ಲವರು ಮಾತ್ರ ಇದು ಕಿವಿಯ ತೊಂದರೆ, ಕೈಯದಲ್ಲ ಎಂದು ಅರಿತು ಮೊದಲು ಉಚ್ಚಾರ ಮಾಡಿಸುತ್ತಾರೆ.

ಗಡಿಯಾಚೆ ಕನ್ನಡದ ಮಗು ಮರಾಠಿ ಕಲಿಯುವಾಗ ಪಜೀತಿ ತಿರುಗುಮುರುಗಾಗುತ್ತದೆ. ಕನ್ನಡದಲ್ಲಿ ಜೀವವಿಲ್ಲದ ವಸ್ತುಗಳೆಲ್ಲ ನಪುಂಸಕ ಲಿಂಗ. ಮರಾಠಿಯಲ್ಲಿ ಕುರ್ಚಿ ಸ್ತ್ರೀಲಿಂಗ, ಫ್ಯಾನು ಪುಲ್ಲಿಂಗ, ಬಾಗಿಲು ನಪುಂಸಕ. ಕ್ರಿಯಾಪದವೂ ಅದಕ್ಕೆ ತಕ್ಕಂತೆ ಬಾಗಬೇಕು. ‘ಚ’, ‘ಜ’ ಅಕ್ಷರಗಳಿಗೆ ಎರಡೆರಡು ಉಚ್ಚಾರ ಬೇರೆ.

ಇನ್ನು ಒಂದೇ ರೂಪದ, ಬೇರೆ ಅರ್ಥದ ಪದಗಳು. ‘ರಾಗ’ ಕನ್ನಡದ ಮಗುವಿಗೆ ಹಾಡು, ಮರಾಠಿಯಲ್ಲಿ ಸಿಟ್ಟು. ‘ಸಾಹಿತ್ಯ’ ಕನ್ನಡದಲ್ಲಿ ಕಾವ್ಯ ಕಥೆಗಳಾದರೆ, ಮರಾಠಿ ಅಡುಗೆ ಪುಸ್ತಕದಲ್ಲಿ ಹಿಟ್ಟು, ಬೆಲ್ಲ, ಏಲಕ್ಕಿಯ ಪಟ್ಟಿಯೂ ‘ಸಾಹಿತ್ಯ’ವೇ. ‘ಕಾದಂಬರಿ’ ಎರಡೂ ಭಾಷೆಗೆ ಒಂದೇ. ಹಿಂದಿಯಲ್ಲಿ ಅದು ‘ಉಪನ್ಯಾಸ’. ‘ಶಿಕ್ಷೆ’ ಎಂದರೆ ಕನ್ನಡ, ಮರಾಠಿ ಎರಡರಲ್ಲೂ ದಂಡನೆ, ಹಿಂದಿ ಪುಸ್ತಕದಲ್ಲಿ ಅದೇ ವಿದ್ಯಾಭ್ಯಾಸ. ಮೂರೂ ಭಾಷೆಗಳನ್ನು ಒಟ್ಟಿಗೆ ಓದುವ ಗಡಿಯ ಮಕ್ಕಳು ಈ ಕೊನೆಯ ಉದಾಹರಣೆಗೆ ನಗುವುದುಂಟು.

ಕರೆಯುವ ರೀತಿಯಲ್ಲೂ ಗಡಿಯಿದೆ. ಕನ್ನಡದ ಮಕ್ಕಳಿಗೆ ಶಾಲೆ ‘ಸಾಲಿ’, ಶಿಕ್ಷಕಿ ‘ಅಕ್ಕಾವ್ರು’. ಮರಾಠಿ ಮಕ್ಕಳಿಗೆ ಆಕೆ ‘ಬಾಯಿ’, ಶಿಕ್ಷಕರು ‘ಗುರುಜಿ’. ದಕ್ಷಿಣದಿಂದ ಬಂದವರು ‘ಬಾಯಿ’ ಎಂಬ ಕರೆಗೆ ಮೊದಲು ಬೆಚ್ಚಿದರೂ ಅದು ಅಪ್ಪಟ ಗೌರವದ ಮಾತು. ಹಳ್ಳಿಯ ಹಿರಿಯರಿಗಂತೂ ಎರಡೂ ಭಾಷೆಯಲ್ಲಿ ‘ಮಾಸ್ತರ’ ಎಂಬ ಒಂದೇ ಪದ ಸಾಕು.

ರೈಲು, ಬಸ್ಸು, ಹೊಳೆ

ನಿಪ್ಪಾಣಿ, ಚಿಕ್ಕೋಡಿ, ಅಥಣಿ ಪಟ್ಟಣಗಳಿಗೆ ರೈಲು ಇಲ್ಲ. ‘ಚಿಕ್ಕೋಡಿ ರೋಡ್’ ಎಂಬ ನಿಲ್ದಾಣವಿದೆಯಾದರೂ ಹೆಸರು ನಂಬಿ ಇಳಿದವರು ಪಟ್ಟಣ ಸೇರಲು ಮತ್ತೆ ಬಸ್ಸು ಹಿಡಿಯಬೇಕು. ಮಿರಜ್-ಲೋಂಡಾ ಮಾರ್ಗದಲ್ಲಿ ಶೇಡಬಾಳ, ಉಗಾರ ಖುರ್ದ, ಕುಡಚಿ, ಚಿಂಚಲಿ, ರಾಯಬಾಗ ನಿಲ್ದಾಣಗಳು ಸಿಗುತ್ತವೆ. ಮಿರಜ್ ಬಿಟ್ಟ ರೈಲು ವಿಜಯನಗರ ದಾಟಿ ಶೇಡಬಾಳ ತಲುಪುವಷ್ಟರಲ್ಲಿ ರಾಜ್ಯ ಬದಲಾಗಿರುತ್ತದೆ. ಮಕ್ಕಳ ಓದು, ಆಸ್ಪತ್ರೆಯ ಅನುಕೂಲಕ್ಕೆಂದು ಮಿರಜ್‌ನಲ್ಲಿ ಮನೆ ಮಾಡಿ ಇತ್ತ ನೌಕರಿಗೆ ಬರುವುದು ಈ ಭಾಗದಲ್ಲಿ ಹೊಸತೇನಲ್ಲ. 1894ರಲ್ಲಿ ಆರಂಭವಾದ ವಾನ್ಲೆಸ್ ಆಸ್ಪತ್ರೆಯ ಕಾಲದಿಂದಲೂ ಕಾಗವಾಡ, ಅಥಣಿಯ ರೋಗಿಗಳಿಗೆ ಮಿರಜ್ ಹತ್ತಿರದ ಊರು.

ನಿಪ್ಪಾಣಿಯ ಪರಿಸ್ಥಿತಿ ಇನ್ನೂ ವಿಚಿತ್ರ. ಪಟ್ಟಣಕ್ಕೆ ಹೊಂದಿಕೊಂಡಂತೆ ಇರುವ ದೇವಚಂದ ಕಾಲೇಜು ನಿಂತಿರುವ ಅರ್ಜುನನಗರ, ಕೊಲ್ಹಾಪುರ ಜಿಲ್ಲೆಯ ಕಾಗಲ್ ತಾಲ್ಲೂಕಿಗೆ ಸೇರಿದ್ದು. ಕಾಲೇಜು ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದ ಅಧೀನ. ಅದೇ ನಿಪ್ಪಾಣಿಯ ಜಿ.ಐ. ಬಾಗೇವಾಡಿ ಕಾಲೇಜು ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ್ದು. ಒಂದೇ ಮನೆಯ ಅಣ್ಣ ಒಂದು ರಾಜ್ಯದ ಪದವಿಗೆ, ತಂಗಿ ಇನ್ನೊಂದು ರಾಜ್ಯದ ಪದವಿಗೆ ಓದಬಹುದು. ಪಾಠ ಹೇಳುವವರು ನಡೆದೇ ರಾಜ್ಯ ದಾಟಬಹುದು.

ಮಳೆಗಾಲದಲ್ಲಿ ಈ ಸಲೀಸು ಮಾಯವಾಗುತ್ತದೆ. ಸಹ್ಯಾದ್ರಿಯಲ್ಲಿ ಮಳೆ ಜೋರಾದರೆ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ಕೆಳಮಟ್ಟದ ಸೇತುವೆಗಳು ಮುಳುಗುತ್ತವೆ. ಕಲ್ಲೋಳ-ಯಡೂರ, ಮಲಿಕವಾಡ-ದತ್ತವಾಡ, ಕಾರದಗಾ-ಭೋಜ, ಕುಡಚಿ-ಉಗಾರ ಎಂಬ ಜೋಡಿ ಹೆಸರುಗಳು ಪ್ರತಿ ಜುಲೈನಲ್ಲಿ ಪತ್ರಿಕೆಯಲ್ಲಿ ಬರುವುದು ಇದೇ ಕಾರಣಕ್ಕೆ. ಇವುಗಳಲ್ಲಿ ದತ್ತವಾಡ ಮಹಾರಾಷ್ಟ್ರದ್ದು. ಹೊಳೆಯ ಆಚೆ ದಂಡೆಯ ಶಾಲೆಗೆ ಹೋಗಬೇಕಾದವರು ಆಗ ಬಹುದೂರ ಸುತ್ತಿ ಬರಬೇಕು. 2005, 2019 ಹಾಗೂ 2021ರ ಮಹಾಪೂರಗಳಲ್ಲಿ ಶಾಲೆಗಳೇ ಸಂತ್ರಸ್ತರ ಕಾಳಜಿ ಕೇಂದ್ರಗಳಾದವು.

ಹೊಳೆ ಬಿಟ್ಟರೆ ಚೆಕ್‌ಪೋಸ್ಟ್. ಕೊರೊನಾ ಕಾಲದಲ್ಲಿ, ಅಂದರೆ 2021ರಲ್ಲಿ, ಮಹಾರಾಷ್ಟ್ರದಿಂದ ಬರುವವರು ಆರ್‌ಟಿ-ಪಿಸಿಆರ್ ವರದಿ ತೋರಿಸಬೇಕಾಯಿತು. ಕೊಗನೊಳ್ಳಿ, ಕಾಗವಾಡಗಳಲ್ಲಿ ತಪಾಸಣೆ ನಡೆಯಿತು. ದಿನವೂ ಎರಡು ಬಾರಿ ಗೆರೆ ದಾಟುವವರಿಗೆ ಅಂದು ಮೊದಲ ಬಾರಿಗೆ ಇದು ‘ಗಡಿ’ ಎನಿಸಿದ್ದರೆ ಸೋಜಿಗವಿಲ್ಲ. 2022ರ ಡಿಸೆಂಬರ್‌ನಲ್ಲಿ, ಮತ್ತೆ 2025ರ ಫೆಬ್ರುವರಿಯಲ್ಲಿ ಭಾಷಾ ಗಲಾಟೆಯಿಂದ ಅಂತರರಾಜ್ಯ ಬಸ್ ಸಂಚಾರ ಅಸ್ತವ್ಯಸ್ತವಾಯಿತು. ರಾಜಕಾರಣಿಗಳು ಹೇಳಿಕೆ ಕೊಟ್ಟು ಮುಗಿಸುವ ಹೊತ್ತಿಗೆ ಶಿಕ್ಷಕರ ಹಾಜರಿ ಪುಸ್ತಕದಲ್ಲಿ ರಜೆ ಬಿದ್ದಿರುತ್ತದೆ.

ಹಿಂದೆಯೂ ಇತ್ತು

ಪರಭಾಷೆಯ ಮಾಸ್ತರರ ಪ್ರಶ್ನೆ ಈ ಸೀಮೆಗೆ ಹಳೆಯದು. 19ನೇ ಶತಮಾನದಲ್ಲಿ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಸರ್ಕಾರಿ ಶಾಲೆಗಳ ಭಾಷೆ ಬಹುಮಟ್ಟಿಗೆ ಮರಾಠಿಯಾಗಿತ್ತು. ಮನೆಯಲ್ಲಿ ಕನ್ನಡ ಆಡುವ ಮಗು ಶಾಲೆಯಲ್ಲಿ ಮರಾಠಿ ಓದಬೇಕಿತ್ತು. ಇದನ್ನು ಬದಲಿಸಲು ಸೆಣಸಿದವರಲ್ಲಿ ಶಿಕ್ಷಣ ಇಲಾಖೆಯ ಅಧಿಕಾರಿಯಾಗಿದ್ದ ಡೆಪ್ಯುಟಿ ಚನ್ನಬಸಪ್ಪನವರ ಹೆಸರು ಮೊದಲು ಬರುತ್ತದೆ. ಅಂಗ್ಲ ಅಧಿಕಾರಿ ರಸೆಲ್ ಬೆಂಬಲಕ್ಕೆ ನಿಂತರು. ಚನ್ನಬಸಪ್ಪನವರ ವಾದ ಸರಳವಾಗಿತ್ತು: ಮಗುವಿಗೆ ತಿಳಿಯುವ ಮಾತಿನಲ್ಲಿ ಪಾಠ ನಡೆಯಲಿ. ಇಂದು ನಿಪ್ಪಾಣಿಯ ಮರಾಠಿ ಮಗುವಿಗೂ ಅದೇ ವಾದ ಅನ್ವಯಿಸುತ್ತದೆ ಎಂಬುದನ್ನು ಕನ್ನಡಿಗರು ಒಪ್ಪಲೇಬೇಕು.

ಕಲಿಸುವವನು ಕಲಿಯುವವರ ಭಾಷೆಗೆ ಇಳಿದರೆ ಏನಾಗುತ್ತದೆ ಎಂಬುದಕ್ಕೆ ನೆರೆಯ ಸೊಲ್ಲಾಪುರದವರೇ ಸಾಕ್ಷಿ. ಅಲ್ಲಿ ಜನಿಸಿದ ಡಾ. ದ್ವಾರಕಾನಾಥ ಕೋಟ್ನೀಸ್ 1938ರಲ್ಲಿ ಕಾಂಗ್ರೆಸ್ ಕಳುಹಿಸಿದ ಐವರು ವೈದ್ಯರ ತಂಡದಲ್ಲಿ ಚೀನಾಕ್ಕೆ ತೆರಳಿದರು. ಯುದ್ಧಭೂಮಿಯಲ್ಲಿ ಶಸ್ತ್ರಚಿಕಿತ್ಸೆ ಮಾಡುತ್ತಲೇ ಚೀನೀ ಭಾಷೆ ಕಲಿತು, ಅದರಲ್ಲೇ ವೈದ್ಯ ವಿದ್ಯಾರ್ಥಿಗಳಿಗೆ ಪಾಠ ಹೇಳಿದರು. 1942ರ ಡಿಸೆಂಬರ್ 9ರಂದು, 32ನೇ ವಯಸ್ಸಿನಲ್ಲಿ, ಅಲ್ಲಿಯೇ ಕೊನೆಯುಸಿರೆಳೆದರು. ಚೀನೀಯರು ಅವರನ್ನು ಇಂದಿಗೂ ನೆನೆಯುವುದರ ಹಿಂದೆ ಔಷಧದಷ್ಟೇ ಆ ಭಾಷೆಯ ಪಾಲೂ ಇದೆ.

ಹತ್ತನೆಯ ತರಗತಿಯ ಬಳಿಕ

ಗಡಿಯ ಕನ್ನಡ ಶಿಕ್ಷಕರ ಮೇಲಿರುವ ಹೊಣೆ ದೊಡ್ಡದು. ಕರ್ನಾಟಕದ ಎಲ್ಲ ಶಾಲೆಗಳಲ್ಲಿ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸಬೇಕೆಂಬ ಕನ್ನಡ ಭಾಷಾ ಕಲಿಕಾ ಕಾಯ್ದೆ 2015ರಲ್ಲಿ ರೂಪುಗೊಂಡು 2017-18ರಿಂದ ಹಂತಹಂತವಾಗಿ ಜಾರಿಗೆ ಬಂತು. ಮಹಾರಾಷ್ಟ್ರವೂ 2020ರಲ್ಲಿ ಮರಾಠಿಯನ್ನು ಕಡ್ಡಾಯಗೊಳಿಸಿತು. ಕಾಯ್ದೆ ಪುಸ್ತಕದಲ್ಲಿ ಸಲೀಸು. ಮರಾಠಿ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಮಗುವಿಗೆ ಪಿಯುಸಿಯಲ್ಲಿ ಕನ್ನಡ ಇಲ್ಲವೇ ಇಂಗ್ಲಿಷ್ ಮಾಧ್ಯಮವೇ ಗತಿ. ಬೇಡವೆಂದರೆ ಗಡಿ ದಾಟಬೇಕು. ಮುಂದೆ ಕರ್ನಾಟಕ ಲೋಕಸೇವಾ ಆಯೋಗದ ನೇಮಕಾತಿಗೆ ಅರ್ಜಿ ಹಾಕಿದರೆ ಕಡ್ಡಾಯ ಕನ್ನಡ ಪರೀಕ್ಷೆ ಎದುರಾಗುತ್ತದೆ. ಶಾಲೆಯಲ್ಲಿ ಕನ್ನಡ ಶಿಕ್ಷಕರ ಹುದ್ದೆ ಖಾಲಿ ಬಿದ್ದ ವರ್ಷಗಳ ಬೆಲೆಯನ್ನು ಆ ಮಗು ಹತ್ತು ವರ್ಷದ ಮೇಲೆ ತೆರಬೇಕಾಗುತ್ತದೆ.

ಜತ್ತದ ಕನ್ನಡ ಮಗುವಿಗೂ ಇಂಥದೇ ಇಕ್ಕಟ್ಟು. ಇವರಿಗಾಗಿ ಕರ್ನಾಟಕದ ವೃತ್ತಿಪರ ಕೋರ್ಸುಗಳ ಸಾಮಾನ್ಯ ಪ್ರವೇಶ ಪರೀಕ್ಷೆಯ ಅರ್ಹತಾ ನಿಯಮಗಳಲ್ಲಿ ಒಂದು ಬಾಗಿಲು ತೆರೆದಿದೆ. ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ್ ಹಾಗೂ ಕೇರಳದ ಕಾಸರಗೋಡು ಭಾಗದ ಕನ್ನಡ ಮಾತೃಭಾಷೆಯ ಅಭ್ಯರ್ಥಿಗಳು ನಿಗದಿತ ಷರತ್ತುಗಳಿಗೆ ಒಳಪಟ್ಟು ಸೀಟು ಕೋರಬಹುದು. ಹಳ್ಳಿಯಲ್ಲಿ ಈ ಮಾಹಿತಿ ಹೇಳಬಲ್ಲವರು ಹೆಚ್ಚಾಗಿ ಅಲ್ಲಿಯ ಕನ್ನಡ ಶಾಲೆಯ ಮಾಸ್ತರರೇ.

ಕಬ್ಬಿನ ಹಂಗಾಮಿನಲ್ಲಿ ಮತ್ತೊಂದು ಗುಂಪು ಬರುತ್ತದೆ. ಬೀಡ್ ಕಡೆಯಿಂದ ಕಟಾವಿಗೆ ಬರುವ ಕುಟುಂಬಗಳು ದೀಪಾವಳಿಯ ಆಸುಪಾಸಿನಿಂದ ತಿಂಗಳುಗಟ್ಟಲೆ ಉಗಾರ, ಅಥಣಿ, ಚಿಕ್ಕೋಡಿಯ ಹೊಲಗಳ ಬದಿಯಲ್ಲಿ ಗುಡಿಸಲು ಹಾಕುತ್ತವೆ. ಆ ಮಕ್ಕಳ ಹೆಸರು ಇರುವುದು ಮಹಾರಾಷ್ಟ್ರದ ಶಾಲೆಯ ಹಾಜರಿಯಲ್ಲಿ, ಮಕ್ಕಳು ಇರುವುದು ಕರ್ನಾಟಕದ ಕಬ್ಬಿನ ಗದ್ದೆಯಲ್ಲಿ. ಪಕ್ಕದ ಕನ್ನಡ ಶಾಲೆಗೆ ಕರೆತಂದು ಕೂರಿಸಿದರೂ ಪಾಠ ತಲೆಗೆ ಹತ್ತಬೇಕಾದರೆ ಅಲ್ಲಿ ಮರಾಠಿ ಬಲ್ಲ ಒಬ್ಬರಾದರೂ ಇರಬೇಕು.

ಹೊರದೇಶಕ್ಕೆ ಹೋಗುವ ಶಿಕ್ಷಕನಿಗೆ ಉದ್ಯೋಗ ಕೊಡುವವರು ಎಷ್ಟೋ ಕಡೆ ವಸತಿಯ ಏರ್ಪಾಡು ಮಾಡುತ್ತಾರೆ, ಆರಂಭದಲ್ಲಿ ಭಾಷೆಗೆ ನೆರವಾಗುತ್ತಾರೆ. ನಿಪ್ಪಾಣಿಯ ಮರಾಠಿ ಶಾಲೆಗೆ ನಿಯುಕ್ತಿಯಾದ ಕನ್ನಡ ಶಿಕ್ಷಕಿಗೆ ಮೂರು ತಿಂಗಳ ಮರಾಠಿ ತರಬೇತಿ, ಗಡಿ ಶಾಲೆಯಲ್ಲಿ ಇಷ್ಟು ವರ್ಷ ದುಡಿದವರಿಗೆ ವರ್ಗಾವಣೆಯ ಕೌನ್ಸೆಲಿಂಗ್‌ನಲ್ಲಿ ಆದ್ಯತೆ, ಖಾಲಿ ಹುದ್ದೆಗೆ ಎರಡೂ ಭಾಷೆ ಬಲ್ಲ ಸ್ಥಳೀಯರನ್ನು ಅತಿಥಿ ಶಿಕ್ಷಕರಾಗಿ ಮೊದಲು ಪರಿಗಣಿಸುವುದು: ಇವ್ಯಾವುವೂ ಸುಪ್ರೀಂ ಕೋರ್ಟ್ ತೀರ್ಪಿಗಾಗಿ ಕಾಯಬೇಕಾದ ಕೆಲಸಗಳಲ್ಲ. ಜೂನ್‌ನಲ್ಲಿ ಶಾಲೆ ತೆರೆಯುವ ಮುನ್ನ ಚಿಕ್ಕೋಡಿಯ ಉಪನಿರ್ದೇಶಕರ ಕಚೇರಿ ಮತ್ತು ಬೆಂಗಳೂರಿನ ಇಲಾಖೆ ಸೇರಿ ಮುಗಿಸಬಹುದಾದಂಥವು.