ಬೈಕಿನ ಎಂಜಿನ್ ಲೊಡಲೊಡ ಎಂದರೆ: ಬಿಚ್ಚುವ ಮೊದಲು ಕೇಳಿ



ಬೆಳೆಯ ಎಲೆ ಹಳದಿಯಾಯಿತೆಂದು ತಾವು ರೈತ ಸಂಪರ್ಕ ಕೇಂದ್ರಕ್ಕೆ ಬಂದರೆ ನಾವು ಮೊದಲು ಕೇಳುವ ಪ್ರಶ್ನೆ ಯಾವುದು? ಹಳದಿಯಾದದ್ದು ಎಳೆಯ ಎಲೆಯೋ, ಬಲಿತ ಎಲೆಯೋ ಎಂಬುದು. ಬಲಿತ ಎಲೆಯಾದರೆ ಸಾರಜನಕದ ಕೊರತೆ ಇರಬಹುದು, ಎಳೆಯ ಎಲೆಯಾದರೆ ಕಬ್ಬಿಣದ ಕೊರತೆ ಇರಬಹುದು, ಬೇರಿನ ಬಳಿ ನೀರು ನಿಂತಿರಲೂಬಹುದು. ಇದನ್ನು ವಿಚಾರಿಸದೆ ಯೂರಿಯಾ ಎರಚಿದರೆ ಹಣವೂ ಹೋಯಿತು, ಬೆಳೆಯೂ ಸುಧಾರಿಸಲಿಲ್ಲ.

ಮೋಟಾರ್ ಸೈಕಲ್ಲಿನ ಎಂಜಿನ್ ಸದ್ದಿಗೂ ಇದೇ ಮಾತು ಸಲ್ಲುತ್ತದೆ. ಇಂದು ಬೈಕು ರೈತನಿಗೆ ಷೋಕಿಯ ವಸ್ತುವಲ್ಲ. ಡೇರಿಗೆ ಹಾಲು, ಸಂತೆಗೆ ತರಕಾರಿ, ಹೊಲಕ್ಕೆ ಗೊಬ್ಬರದ ಮೂಟೆ ಎಲ್ಲವೂ ಅದರ ಮೇಲೆಯೇ. ಅದು ನಿಂತರೆ ಜೋಡೆತ್ತಿನಲ್ಲಿ ಒಂದು ಮಲಗಿದಂತೆಯೇ ಸರಿ. ಆದ್ದರಿಂದ ಈ ವಾರ ಬೆಳೆಯ ವಿಷಯ ಬಿಟ್ಟು ಬೈಕಿನ ವಿಷಯ ಬರೆಯುತ್ತಿದ್ದೇನೆ.

ಒಂದೇ ಊರಿನ ಎರಡು ಬೈಕುಗಳು

ಮೊದಲನೆಯದು ನನ್ನದೇ. ಒಂದು ಮುಂಗಾರಿನಲ್ಲಿ, ಬಿತ್ತನೆ ಬೀಜ ಹಂಚುವ ಗಡಿಬಿಡಿಯಲ್ಲಿ, ಬೈಕು 40 ಕಿ.ಮೀ. ವೇಗ ಮುಟ್ಟುತ್ತಲೇ ಡಬ್ಬದಲ್ಲಿ ಕಲ್ಲು ಅಲ್ಲಾಡಿಸಿದಂತೆ ಸದ್ದು ಬರತೊಡಗಿತು. ಗ್ಯಾರೇಜಿನವನು ಒಂದು ಸುತ್ತು ಓಡಿಸಿ, "ಎಂಜಿನ್ ಬಿಚ್ಚಬೇಕು ಸಾರ್, ಬೋರ್ ಹೋಗಿರಬೇಕು" ಎಂದ. ತಿಂಗಳ ಸಂಬಳ ಬರಲೆಂದು ಕಾಯುತ್ತಿದ್ದೆ. ಅಷ್ಟರಲ್ಲಿ ಒಂದು ಹಳ್ಳಿಯ ಹಿರಿಯ ರೈತರೊಬ್ಬರು ಸದ್ದು ಕೇಳಿ, "ಸಾಹೇಬ್ರೇ, ಡಬಲ್ ಸ್ಟ್ಯಾಂಡ್ ಹಾಕಿ ವಸಿ ರೇಸ್ ಮಾಡಿ" ಎಂದರು. ನಾನು ಹಾಗೆಯೇ ಮಾಡಿದೆ. ಅವರು ಒಂದು ಸೌದೆಯ ತುಂಡಿನಿಂದ ಸೈಲೆನ್ಸರಿನ ಮೇಲಿನ ತಗಡನ್ನು ಒತ್ತಿ ಹಿಡಿದರು. ಸದ್ದು ನಿಂತಿತು. ತಗಡಿಗೆ ಹಾಕಿದ್ದ ಎರಡು ಬೋಲ್ಟುಗಳಲ್ಲಿ ಒಂದು ಬಿದ್ದುಹೋಗಿತ್ತು, ಅಷ್ಟೇ.

ಎರಡನೆಯದು ಅದೇ ಊರಿನಲ್ಲಿ ಡೇರಿಗೆ ಹಾಲು ಹಾಕುವ ಯುವಕನದು. ಹತ್ತಾರು ವರ್ಷ ಹಳೆಯ ಮೊಪೆಡ್ ಓಡಿಸಿ, ಬಳಿಕ ಹಳೆಯದೊಂದು ಬೈಕು ಕೊಂಡಿದ್ದ. ಅದರ ತಲೆಭಾಗದಲ್ಲಿ ಹೊಲಿಗೆ ಯಂತ್ರದಂತೆ ಟಿಕ್ ಟಿಕ್ ಎಂಬ ಸಣ್ಣ ಸದ್ದು. ಎರಡು ಬಾರಿ ಟ್ಯಾಪೆಟ್ ಬಿಗಿ ಮಾಡಿಸಿದ. ಎಣ್ಣೆಯನ್ನು ಅವನೂ ನೋಡಲಿಲ್ಲ, ರಿಪೇರಿ ಮಾಡಿದವರೂ ನೋಡಲಿಲ್ಲ. ಒಂದು ಬೆಳಿಗ್ಗೆ ಎರಡು ಕ್ಯಾನು ಹಾಲು ಕಟ್ಟಿಕೊಂಡು ಏರು ಹತ್ತುವಾಗ ಎಂಜಿನ್ ಸೀಜ್ ಆಗಿ ಹಿಂದಿನ ಚಕ್ರ ಹಿಡಿದುಕೊಂಡಿತು. ಹಾಲು ರಸ್ತೆಯ ಪಾಲು. ಮಂಡಿ ತರಚಿದ್ದು ಬಿಟ್ಟರೆ ಜೀವಕ್ಕೆ ಅಪಾಯವಾಗಲಿಲ್ಲವೆಂಬುದೇ ಪುಣ್ಯ. ಬಿಚ್ಚಿದಾಗ ತಳದಲ್ಲಿ ಒಂದು ಲೋಟದಷ್ಟೂ ಎಣ್ಣೆ ಇರಲಿಲ್ಲ. ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡಿತ್ತು, ಕನೆಕ್ಟಿಂಗ್ ರಾಡಿನ ಬೇರಿಂಗ್ ಸವೆದಿತ್ತು. ಬೈಕಿಗೆ ಕೊಟ್ಟ ಹಣದ ಅರ್ಧಕ್ಕಿಂತ ಹೆಚ್ಚು ರಿಪೇರಿಗೇ ಹೋಯಿತು.

ದೊಡ್ಡ ಸದ್ದಿನ ರೋಗ ಸಣ್ಣದಾಗಿತ್ತು, ಸಣ್ಣ ಸದ್ದಿನ ರೋಗ ದೊಡ್ಡದಾಗಿತ್ತು. ಸದ್ದು ಎಷ್ಟು ಜೋರಾಗಿದೆ ಎಂಬುದರಿಂದ ರೋಗ ತಿಳಿಯುವುದಿಲ್ಲ. ಅದು ಎಲ್ಲಿಂದ ಬರುತ್ತದೆ, ಯಾವಾಗ ಬರುತ್ತದೆ ಎಂಬುದರಿಂದ ತಿಳಿಯುತ್ತದೆ.

ಮೊದಲು ಎಣ್ಣೆ ನೋಡಿ

ಆ ಯುವಕ ತಪ್ಪಿದ್ದಕ್ಕೆ ಕಾರಣವಿದೆ. 1961ರಿಂದ 1996ರವರೆಗೆ ಮೈಸೂರಿನ ಕಾರ್ಖಾನೆಯಲ್ಲಿ ತಯಾರಾದ ಜಾವಾ, ಯೆಜ್ಡಿಗಳಾಗಲಿ, ಹಳೆಯ ಮೊಪೆಡ್ಡುಗಳಾಗಲಿ ಎರಡು ಸ್ಟ್ರೋಕಿನವು. ಅವುಗಳಿಗೆ ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಿ ಹಾಕುತ್ತಿದ್ದೆವು. ಪೆಟ್ರೋಲ್ ಹಾಕಿದಾಗಲೆಲ್ಲ ಪಿಸ್ಟನ್ನಿಗೆ ಬೇಕಾದ ಎಣ್ಣೆಯೂ ಸಿಗುತ್ತಿತ್ತು. ಈಗಿನ ನಾಲ್ಕು ಸ್ಟ್ರೋಕಿನ ಬೈಕುಗಳಲ್ಲಿ ಹಾಗಲ್ಲ. ಎಣ್ಣೆ ಬೇರೆಯಾಗಿ ಎಂಜಿನ್ನಿನ ತಳದಲ್ಲಿರುತ್ತದೆ. 100 ಸಿ.ಸಿ. ಬೈಕಿನಲ್ಲಿ ಅದು ಸುಮಾರು ಒಂದು ಲೀಟರ್ ಮಾತ್ರ. ಅದರಲ್ಲಿ ಸ್ವಲ್ಪ ಸ್ವಲ್ಪ ಉರಿದುಹೋದರೂ, ಸೋರಿದರೂ ತಿಳಿಸುವ ದೀಪ ಬಹುತೇಕ ಸಣ್ಣ ಬೈಕುಗಳಲ್ಲಿಲ್ಲ. ತಲೆಭಾಗಕ್ಕೆ ಎಣ್ಣೆ ಸಾಲದೆ ಟ್ಯಾಪೆಟ್ ಸದ್ದು ಮಾಡುವುದೇ ಎಷ್ಟೋ ವೇಳೆ ಮೊದಲ ಸೂಚನೆ.

ಸಮತಟ್ಟಾದ ನೆಲದಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ. ಎಂಜಿನ್ ಎರಡು ಮೂರು ನಿಮಿಷ ಓಡಿಸಿ, ನಿಲ್ಲಿಸಿ, ಮತ್ತೆ ಅಷ್ಟೇ ಹೊತ್ತು ಬಿಡಿ. ಎಣ್ಣೆ ಮಟ್ಟದ ಕಡ್ಡಿಯನ್ನು ತೆಗೆದು ಒರೆಸಿ, ಮತ್ತೆ ಇಳಿಸಿ ನೋಡಿ. ಹೆಚ್ಚಿನ ಬೈಕುಗಳಲ್ಲಿ ಹೀಗೆ ನೋಡುವಾಗ ಮರೆ ತಿರುಗಿಸದೆ ಸುಮ್ಮನೆ ಇಳಿಸಬೇಕು. ಎಣ್ಣೆ ಎರಡು ಗೆರೆಗಳ ನಡುವೆ ಇರಬೇಕು. ಕೆಳಗಿನ ಗೆರೆಗಿಂತ ಕಡಿಮೆಯಿದ್ದರೆ ಎಣ್ಣೆ ಹಾಕುವವರೆಗೆ ಬೈಕು ಹೊರಡಿಸಬೇಡಿ.

ಇನ್ನೊಂದು ಮಾತು. ಟ್ರ್ಯಾಕ್ಟರಿಗೆ ತಂದ ಎಣ್ಣೆ ಮನೆಯಲ್ಲಿದೆಯೆಂದು ಬೈಕಿಗೆ ಸುರಿಯಬೇಡಿ. ಬೈಕಿನಲ್ಲಿ ಕ್ಲಚ್ ಪ್ಲೇಟುಗಳೂ ಅದೇ ಎಣ್ಣೆಯಲ್ಲಿ ಮುಳುಗಿರುತ್ತವೆ. ಬೇರೆ ಬಗೆಯ ಎಣ್ಣೆಯಿಂದ ಕ್ಲಚ್ ಜಾರಬಹುದು. ಡಬ್ಬಿಯ ಮೇಲೆ ‘ಜಾಸೊ ಎಂಎ’ ಎಂದಿದೆಯೇ, ಬೈಕಿನ ಕೈಪಿಡಿಯಲ್ಲಿ ಹೇಳಿದ ದರ್ಜೆಯೇ ಎಂದು ನೋಡಿಕೊಂಡು ಕೊಳ್ಳಿ.

ಸದ್ದು ಯಾವಾಗ ಬರುತ್ತದೆ?

ಎಣ್ಣೆ ಸರಿಯಿದ್ದೂ ಸದ್ದು ಇದ್ದರೆ ಮುಂದಿನ ಪ್ರಶ್ನೆಗಳನ್ನು ಕೇಳಿಕೊಳ್ಳಿ. ಉತ್ತರವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ಬೈಕು ನಿಂತಿರುವಾಗಲೂ ಬರುತ್ತದೆಯೋ, ಓಡುವಾಗ ಮಾತ್ರವೋ? ಬೆಳಿಗ್ಗೆ ತಣ್ಣಗಿರುವಾಗ ಬಂದು ಕಾದ ಮೇಲೆ ಹೋಗುತ್ತದೆಯೋ, ಕಾದ ಮೇಲೆಯೇ ಬರುತ್ತದೆಯೋ? ಮೂಟೆ ಹೇರಿ ಏರು ಹತ್ತುವಾಗ ಮಾತ್ರವೋ? ನ್ಯೂಟ್ರಲ್‌ನಲ್ಲಿ ಕ್ಲಚ್ ಹಿಡಿದರೆ ಬದಲಾಗುತ್ತದೆಯೋ?

ಸದ್ದು ಎಲ್ಲಿಂದ ಬರುತ್ತದೆ?

ವೈದ್ಯರ ಸ್ಟೆತಾಸ್ಕೋಪಿನ ಕೆಲಸವನ್ನು ಒಂದು ಉದ್ದನೆಯ ಸ್ಕ್ರೂಡ್ರೈವರ್ ಮಾಡುತ್ತದೆ. ಅದರ ತುದಿಯನ್ನು ಎಂಜಿನ್ನಿನ ಮೇಲಿಟ್ಟು ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ. ತಲೆಭಾಗ, ಸಿಲಿಂಡರ್, ಎಡ ಮುಚ್ಚಳ, ಬಲ ಮುಚ್ಚಳ, ತಳ, ಹೀಗೆ ಒಂದೊಂದಾಗಿ ಕೇಳುತ್ತ ಬನ್ನಿ. ಸದ್ದಿನ ಮೂಲದ ಬಳಿ ಅದು ಸ್ಪಷ್ಟವಾಗಿ ಕೇಳಿಸುತ್ತದೆ. ಟವೆಲ್ಲು, ಪಂಚೆಯ ಅಂಚು ಚೈನಿನ ಹತ್ತಿರ ಹೋಗದಂತೆ ನೋಡಿಕೊಳ್ಳಿ. ಸೈಲೆನ್ಸರ್ ಮುಟ್ಟಬೇಡಿ. ಈ ಪರೀಕ್ಷೆಯನ್ನು ಬಯಲಿನಲ್ಲೇ ಮಾಡಿ. ಮುಚ್ಚಿದ ಕೊಟ್ಟಿಗೆಯಲ್ಲಿ ಹೊಗೆ ತುಂಬಿದರೆ ಪ್ರಾಣಕ್ಕೇ ಅಪಾಯ.

ಸದ್ದಿನ ಗುರುತುಗಳು

*ಝಣಝಣ ತಗಡಿನ ಸದ್ದು:* ಒಂದು ನಿರ್ದಿಷ್ಟ ವೇಗದಲ್ಲಿ ಬಂದು, ಅದು ದಾಟಿದೊಡನೆ ಹೋಗುತ್ತದೆ. ಸೈಲೆನ್ಸರ್ ತಗಡು, ನಂಬರ್ ಪ್ಲೇಟು, ಚೈನ್ ಕವರು, ಲೆಗ್ ಗಾರ್ಡ್, ಎಂಜಿನ್ ಹಿಡಿದಿರುವ ಬೋಲ್ಟುಗಳನ್ನು ನೋಡಿ. ಮರದ ತುಂಡಿನಿಂದ ಒತ್ತಿದಾಗ ನಿಂತರೆ ರೋಗ ಸಿಕ್ಕಿತೆಂದೇ ತಿಳಿಯಿರಿ.

*ಓಡುವಾಗ ಮಾತ್ರ ಲಟಲಟ:* ಚೈನು ಸಡಿಲವಾಗಿರಬಹುದು. ಎಂಜಿನ್ ನಿಲ್ಲಿಸಿ, ಕೆಳಗಿನ ಎಳೆಯ ಮಧ್ಯದಲ್ಲಿ ಬೆರಳಿನಿಂದ ಮೇಲೆ ಕೆಳಗೆ ಆಡಿಸಿ. ಸಾಮಾನ್ಯವಾಗಿ 20ರಿಂದ 30 ಮಿ.ಮೀ. ಆಡಬೇಕು. ಅದಕ್ಕಿಂತ ಹೆಚ್ಚಾದರೆ ಬಿಗಿ ಮಾಡಿಸಿ.

*ತಲೆಭಾಗದಲ್ಲಿ ಟಿಕ್ ಟಿಕ್:* ಎಣ್ಣೆ ಸರಿಯಿದ್ದರೆ ಟ್ಯಾಪೆಟ್ ಸಂದು ಹೆಚ್ಚಾಗಿದೆ. ಈ ಸಂದು ಕೂದಲೆಳೆಯಷ್ಟೇ ಇರುವುದರಿಂದ ಎಂಜಿನ್ ಪೂರ್ತಿ ತಣ್ಣಗಿರುವಾಗ ಫೀಲರ್ ಗೇಜ್ ಇಟ್ಟೇ ಸರಿಪಡಿಸಬೇಕು. ಸದ್ದು ನಿಂತರೆ ಸಾಕೆಂದು ಅತಿಯಾಗಿ ಬಿಗಿ ಮಾಡಿದರೆ ವಾಲ್ವು ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ. ಸ್ವಲ್ಪ ಸದ್ದು ಮಾಡುವ ಟ್ಯಾಪೆಟ್ಟಿಗಿಂತ ಸದ್ದೇ ಇಲ್ಲದ ಟ್ಯಾಪೆಟ್ ಹೆಚ್ಚು ಅಪಾಯಕಾರಿ.

*ಸಿಲಿಂಡರಿನ ಒಂದು ಪಕ್ಕದಲ್ಲಿ ಗರಗರ:* ನಿಧಾನವಾಗಿ ಓಡುವಾಗ ಮತ್ತು ಆಕ್ಸಿಲರೇಟರ್ ಬಿಟ್ಟಾಗ ಹೆಚ್ಚು ಕೇಳಿಸಿದರೆ ಒಳಗಿನ ಟೈಮಿಂಗ್ ಚೈನು ಸಡಿಲವಾಗಿದೆ, ಇಲ್ಲವೆ ಅದನ್ನು ಬಿಗಿಹಿಡಿಯುವ ಟೆನ್ಷನರ್ ಸೋತಿದೆ. ಮೊದಲು ಟೆನ್ಷನರ್ ಪರೀಕ್ಷೆ ಮಾಡಿಸಿ.

*ಏರಿನಲ್ಲಿ ಕಿಣಿಕಿಣಿ:* ಭಾರ ಹೇರಿ ಟಾಪ್ ಗೇರಿನಲ್ಲೇ ಎಳೆಸಿದರೆ ಬರುವ ಸದ್ದಿದು. ಕೆಳಗಿನ ಗೇರಿಗೆ ಇಳಿಸಿ. ಆಗಲೂ ಬಂದರೆ ಪ್ಲಗ್ ಸರಿಯಾದದ್ದೇ, ಒಳಗೆ ಮಸಿ ಕಟ್ಟಿದೆಯೇ ನೋಡಿಸಿ. ಗದ್ದೆಯ ಕೆಸರು ಎಂಜಿನ್ನಿನ ರೆಕ್ಕೆಗಳ ನಡುವೆ ಒಣಗಿ ಕೂತಿದ್ದರೆ ಗಾಳಿಯಾಡದೆ ಎಂಜಿನ್ ಅತಿಯಾಗಿ ಕಾಯುತ್ತದೆ. ಎಂಜಿನ್ ತಣಿದ ಮೇಲೆ ಅದನ್ನು ತೊಳೆಯಿರಿ.

*ಕ್ಲಚ್ ಹಿಡಿದರೆ ಬದಲಾಗುವ ಸದ್ದು:* ಕ್ಲಚ್ ಭಾಗದಲ್ಲೋ ಗೇರ್ ಬಾಕ್ಸಿನ ಬೇರಿಂಗಿನಲ್ಲೋ ಸವೆತವಿದೆ. ಇದಕ್ಕಾಗಿ ಸಿಲಿಂಡರ್ ಬಿಚ್ಚುವ ಅಗತ್ಯವಿಲ್ಲ.

*ತಣ್ಣಗಿರುವಾಗ ಮಂದವಾದ ಕಟಕಟ:* ಕಾದ ಮೇಲೆ ಕಡಿಮೆಯಾದರೆ ಪಿಸ್ಟನ್ ಸಿಲಿಂಡರಿನಲ್ಲಿ ಸಡಿಲವಾಗಿದೆ. ಜೊತೆಗೆ ನೀಲಿ ಹೊಗೆ, ಎಣ್ಣೆಯ ಖರ್ಚು ಇದ್ದರೆ ಬೋರ್ ಕೆಲಸ ನಿಜವಾಗಿಯೂ ಬಂದಿದೆ. ಹೊಗೆ ಇಲ್ಲದಿದ್ದರೆ ಅವಸರವಿಲ್ಲ, ಆದರೆ ಎಣ್ಣೆ ಮಟ್ಟವನ್ನು ಆಗಾಗ ನೋಡುತ್ತಿರಿ.

*ತಳದಿಂದ ಭಾರವಾದ ಟಕ್ ಟಕ್:* ರೇಸ್ ಮಾಡಿದಂತೆ, ಭಾರ ಬಿದ್ದಂತೆ ಜೋರಾದರೆ ಕನೆಕ್ಟಿಂಗ್ ರಾಡಿನ ಬೇರಿಂಗ್ ಹೋಗಿದೆ. ಊರು ಇನ್ನು ಎರಡೇ ಮೈಲಿಯೆಂದು ಓಡಿಸಬೇಡಿ. ಅಲ್ಲಿಯೇ ಎಂಜಿನ್ ನಿಲ್ಲಿಸಿ, ಬೈಕನ್ನು ಟೆಂಪೋದಲ್ಲಿ ಹಾಕಿಸಿ. ಟೆಂಪೋ ಬಾಡಿಗೆಗಿಂತ ಕ್ರ್ಯಾಂಕಿನ ಬೆಲೆ ಬಹಳ ಹೆಚ್ಚು.

ಗ್ಯಾರೇಜಿನಲ್ಲಿ

"ಸದ್ದು ಬರುತ್ತೆ, ನೋಡಪ್ಪ" ಎಂದಷ್ಟೇ ಹೇಳಿ ಬೈಕು ಬಿಟ್ಟು ಬರಬೇಡಿ. ಬರೆದಿಟ್ಟ ಚೀಟಿ ಕೊಡಿ. ಮೆಕ್ಯಾನಿಕ್ಕನ್ನು ಹಿಂದೆ ಕೂರಿಸಿಕೊಂಡು, ಸದ್ದು ಬರುವ ಹಾಗೆಯೇ ಓಡಿಸಿ ತೋರಿಸಿ. ಬಿಚ್ಚುವುದಾದರೆ ಯಾವ ಕಾರಣಕ್ಕೆ ಎಂದು ಕೇಳಿ. ಬದಲಾಯಿಸಿದ ಹಳೆಯ ಭಾಗಗಳನ್ನು ಪಡೆದುಕೊಳ್ಳಿ. ಒಳ್ಳೆಯ ಕೆಲಸಗಾರ ಇದಕ್ಕೆ ಬೇಸರಪಡುವುದಿಲ್ಲ. ಅವನಿಗೂ ಅರ್ಧ ಕೆಲಸ ಉಳಿಯುತ್ತದೆ.

ಆ ಯುವಕ ಈಗ ಪ್ರತಿ ಸೋಮವಾರ ಬೆಳಿಗ್ಗೆ ಹಾಲಿನ ಕ್ಯಾನು ಕಟ್ಟುವ ಮೊದಲು ಎಣ್ಣೆ ಕಡ್ಡಿ ತೆಗೆದು ನೋಡುತ್ತಾನೆ. ಅದಕ್ಕೆ ಹಿಡಿಯುವುದು ಐದೇ ನಿಮಿಷ. ತಾವೂ ವಾರದಲ್ಲಿ ಒಂದು ದಿನ ಗೊತ್ತುಮಾಡಿಕೊಳ್ಳಿ. ಓದಲು ಬಾರದ ನೆರೆಯವರಿಗೂ ಈ ವಿಷಯವನ್ನು ತಿಳಿಸಿ.