ನ್ಯಾಯಾಲಯದಲ್ಲಿ ‘ಒಲ್ಲೆ’ ಎಂದ ಹೆಣ್ಣುಮಗಳು: ಡಾಕ್ಟರ್ ರಖಮಾಬಾಯಿ

ಮುಂಬಯಿಯ ಕೋಟೆ ವಿಭಾಗದಲ್ಲಿ ಉದ್ಯೋಗಕ್ಕಿರುವ ನಮ್ಮ ಕನ್ನಡಿಗರಲ್ಲಿ ಹೈಕೋರ್ಟಿನ ಕಟ್ಟಡವನ್ನು ಕಾಣದವರು ಯಾರೂ ಇರಲಾರರು. ಚರ್ಚ್‌ಗೇಟಿನಲ್ಲಿ ಗಾಡಿಯಿಂದಿಳಿದು, ಓವಲ್ ಮೈದಾನವನ್ನು ಅಡ್ಡ ದಾಟಿ ಕಚೇರಿಗೆ ಧಾವಿಸುವ ಗುಮಾಸ್ತನ ಕಣ್ಣಿಗೆ ಅದರ ಕಲ್ಲಿನ ಗೋಪುರಗಳು ದಿನನಿತ್ಯವೂ ಬೀಳುತ್ತವೆ. ವಕೀಲರ ಕೋಣೆಗಳಿಗೆ ಚಹಾ ಒಯ್ಯುವ ಹೋಟೆಲ್ ಹುಡುಗನಿಗೆ ಅದರ ಮೆಟ್ಟಿಲುಗಳೂ ಪರಿಚಿತವೇ. ಆದರೆ ೧೮೮೭ನೆಯ ಇಸವಿಯಲ್ಲಿ ಇದೇ ಕಟ್ಟಡದೊಳಗೆ ಇಪ್ಪತ್ತೆರಡು ವರ್ಷದ ತರುಣಿಯೊಬ್ಬಳಿಗೆ “ಗಂಡನ ಮನೆಗೆ ಹೋಗು, ಇಲ್ಲವಾದರೆ ಸೆರೆಮನೆಗೆ ಹೋಗು” ಎಂಬರ್ಥದ ಆಜ್ಞೆಯಾಯಿತೆಂಬುದನ್ನೂ, ಆಕೆ ಸೆರೆಮನೆಯನ್ನೇ ಆರಿಸಿಕೊಂಡಳೆಂಬುದನ್ನೂ ಬಲ್ಲವರು ನಮ್ಮಲ್ಲಿ ವಿರಳ. ಆಕೆಯ ಹೆಸರು ರಖಮಾಬಾಯಿ.

ಈ ಕಥೆಯನ್ನು ಬರೆಯುವುದಕ್ಕೆ ನನ್ನದೇ ಒಂದು ಸಣ್ಣ ಪ್ರಸಂಗ ಕಾರಣವಾಗಿದೆ. ಪತ್ರಿಕೆಯ ಮೇಜಿಗೆ ಬರುವುದಕ್ಕೆ ಮುಂಚೆ ನಾನು ಅನೇಕ ವರ್ಷ ಹೋಟೆಲಿನ ಗಲ್ಲೆಯ ಮೇಲೆ ಕುಳಿತವನು. ಒಂದು ಸಂಜೆ ನಮ್ಮ ಮಾಣಿಯೊಬ್ಬ ಊರಿನಿಂದ ಬಂದ ಕಾಗದವನ್ನು ಕೈಯಲ್ಲಿ ಹಿಡಿದು ಎದುರಿಗೆ ನಿಂತ.

“ಧಣಿ, ಎರಡು ತಿಂಗಳ ಸಂಬಳ ಮುಂಗಡ ಬೇಕಿತ್ತು. ತಂಗಿಗೆ ಮದುವೆ ನಿಶ್ಚಯವಾಗಿದೆ.”

“ತಂಗಿಗೆ ವಯಸ್ಸೆಷ್ಟು?”

“ಹದಿನಾರು ತುಂಬಿತು.”

“ಅವಳಿಗೆ ಒಪ್ಪಿಗೆಯೆ? ಕೇಳಿದ್ದೀಯಾ?”

“ಅವಳನ್ನು ಕೇಳುವುದು ಎಂಥದು ಧಣಿ? ಹಿರಿಯರು ಒಪ್ಪಿದ್ದಾರಲ್ಲ.”

ಹದಿನೆಂಟು ತುಂಬದ ಹುಡುಗಿಯ ಮದುವೆ ಕಾನೂನಿಗೆ ವಿರುದ್ಧವೆಂದು ತಿಳಿದೂ ನಾನು ಗಲ್ಲೆಪೆಟ್ಟಿಗೆಯಿಂದ ಹಣ ತೆಗೆದು ಕೊಟ್ಟೆ. ಗಿರಾಕಿಗಳ ಗದ್ದಲದಲ್ಲಿ ಮಾತನ್ನು ಅಲ್ಲಿಗೇ ಬಿಟ್ಟೆ. “ಅವಳನ್ನು ಕೇಳುವುದು ಎಂಥದು?” ಎಂಬ ಅವನ ಪ್ರಶ್ನೆಗೆ ನಾನು ಅಂದು ಉತ್ತರ ಕೊಡಲಿಲ್ಲ. ರಖಮಾಬಾಯಿಯವರ ಚರಿತ್ರೆಯೇ ಅದಕ್ಕೆ ಉತ್ತರವೆಂದು ಈಗ ನನಗೆ ತೋರುತ್ತದೆ.

ಬಾಲ್ಯ ಮತ್ತು ವಿವಾಹ

ರಖಮಾಬಾಯಿ ಜನಿಸಿದ್ದು ೧೮೬೪ರ ನವೆಂಬರಿನಲ್ಲಿ, ಮುಂಬಯಿಯಲ್ಲಿ, ಬಡಗಿ ವೃತ್ತಿಯ ಸುತಾರ ಸಮಾಜದ ಮನೆತನದಲ್ಲಿ. ತಾಯಿ ಜಯಂತಿಬಾಯಿಗೆ ಎಳೆಯ ವಯಸ್ಸಿನಲ್ಲಿಯೇ ಮದುವೆ, ಹದಿನೇಳರಲ್ಲಿ ವೈಧವ್ಯ. ತಂದೆ ಜನಾರ್ದನ ಪಾಂಡುರಂಗರು ತೀರಿಕೊಂಡಾಗ ಮಗುವಿಗೆ ಎರಡೂವರೆ ವರ್ಷ. ಆ ಸಮಾಜದಲ್ಲಿ ಪುನರ್ವಿವಾಹಕ್ಕೆ ನಿಷೇಧವಿರಲಿಲ್ಲವಾದ್ದರಿಂದ, ಕೆಲವು ವರ್ಷಗಳ ಅನಂತರ ಜಯಂತಿಬಾಯಿ ಡಾಕ್ಟರ್ ಸಖಾರಾಮ ಅರ್ಜುನ ಎಂಬವರ ಕೈ ಹಿಡಿದರು. ಅದಕ್ಕೆ ಮುನ್ನ ಗಂಡನಿಂದ ಬಂದ ಆಸ್ತಿಯನ್ನೆಲ್ಲ ಮಗಳ ಹೆಸರಿಗೆ ಬರೆದಿಟ್ಟರು. ಸಖಾರಾಮರು ವೈದ್ಯರು, ಸಸ್ಯಶಾಸ್ತ್ರಜ್ಞರು, ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು. ಹೆಂಡತಿಯ ಮಗಳನ್ನು ಸ್ವಂತ ಮಗಳಂತೆಯೇ ಅವರು ಸಾಕಿದರು.

ಆದರೂ ಕಾಲದ ರೂಢಿ ಆ ಮನೆಯನ್ನೂ ಬಿಡಲಿಲ್ಲ. ಹನ್ನೊಂದನೆಯ ವಯಸ್ಸಿನಲ್ಲಿ ರಖಮಾಬಾಯಿಯನ್ನು ಸಖಾರಾಮರ ಬಂಧುವಾದ ಹತ್ತೊಂಬತ್ತು ವರ್ಷದ ದಾದಾಜಿ ಭಿಕಾಜಿಗೆ ಧಾರೆಯೆರೆದು ಕೊಟ್ಟರು. ವರನು ಮಾವನ ಮನೆಯಲ್ಲಿಯೇ ಮನೆಯಳಿಯನಾಗಿ ಇದ್ದು ವಿದ್ಯೆ ಕಲಿಯಬೇಕೆಂಬ ಮಾತಾಗಿತ್ತು. ಆತನಿಗೆ ವಿದ್ಯೆ ಹಿಡಿಸಲಿಲ್ಲ. ಶಾಲೆ ಬಿಟ್ಟು ತನ್ನ ಸೋದರಮಾವನ ಮನೆ ಸೇರಿದನು. ಇತ್ತ ಹುಡುಗಿ ಋತುಮತಿಯಾದ ಮೇಲೆ ಪದ್ಧತಿಯಂತೆ ಗಂಡನೊಡನೆ ಕಳುಹಿಸಬೇಕೆಂಬ ಒತ್ತಾಯ ಬಂದಾಗ, ಎಳೆಯ ಶರೀರಕ್ಕೆ ಅದು ಹಾನಿಕರವೆಂದು ವೈದ್ಯರಾದ ಸಖಾರಾಮರು ತಡೆದರು.

ಹೀಗೆ ದೊರೆತ ವರ್ಷಗಳನ್ನು ರಖಮಾಬಾಯಿ ವ್ಯರ್ಥ ಮಾಡಲಿಲ್ಲ. ಮದುವೆಯಾದ ಹುಡುಗಿಗೆ ಶಾಲೆ ನಿಂತಿತ್ತು. ಮಿಶನರಿಗಳ ಪುಸ್ತಕಾಲಯದಿಂದ ಪುಸ್ತಕಗಳನ್ನು ತರಿಸಿಕೊಂಡು ಮನೆಯಲ್ಲಿಯೇ ಓದಿದರು. ತಾಯಿಯ ಜೊತೆ ಪ್ರಾರ್ಥನಾ ಸಮಾಜಕ್ಕೂ ಆರ್ಯ ಮಹಿಳಾ ಸಮಾಜಕ್ಕೂ ಹೋಗಿ ಬಂದರು. ಹಗಲೆಲ್ಲ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ನಿದ್ದೆಗಣ್ಣಿನಿಂದ ಅಕ್ಷರ ತಿದ್ದಿದ ನಮ್ಮ ಓದುಗ ಬಂಧುಗಳಿಗೆ ಆ ಓದಿನ ಬೆಲೆಯನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ದಾವೆ

೧೮೮೪ರಲ್ಲಿ ದಾದಾಜಿ ಭಿಕಾಜಿಯು ವಕೀಲರ ಮೂಲಕ ಪತ್ನಿಯನ್ನು ಕಳುಹಿಸಿಕೊಡುವಂತೆ ಕೇಳಿದನು. ರಖಮಾಬಾಯಿ ಒಪ್ಪಲಿಲ್ಲ. ಆತನಿಗೆ ಸಂಸಾರ ಹೊರುವ ಸಂಪಾದನೆಯಿಲ್ಲ, ಆರೋಗ್ಯವಿಲ್ಲ, ಆತನು ಆಶ್ರಯಿಸಿದ ಮನೆಯ ನಡತೆ ಸರಿಯಿಲ್ಲ ಎಂಬುದು ಆಕೆಯ ಕಡೆಯ ಉತ್ತರವಾಗಿತ್ತು. ಈ ಎಲ್ಲ ಕಾರಣಗಳ ತಳದಲ್ಲಿ ಇನ್ನೊಂದು ಕಾರಣವಿತ್ತು: ಬುದ್ಧಿ ಬಲಿಯದ ವಯಸ್ಸಿನಲ್ಲಿ, ತನ್ನ ಸಮ್ಮತಿಯಿಲ್ಲದೆ ನಡೆದ ಮದುವೆಗೆ ತಾನು ಬದ್ಧಳಲ್ಲ. ದಾದಾಜಿಯು ದಾಂಪತ್ಯ ಹಕ್ಕುಗಳ ಪುನಃಸ್ಥಾಪನೆಗಾಗಿ ಹೈಕೋರ್ಟಿನಲ್ಲಿ ದಾವೆ ಹೂಡಿದನು.

ವ್ಯಾಜ್ಯ ನಡೆಯುತ್ತಿದ್ದಾಗಲೇ, ೧೮೮೫ರ ಏಪ್ರಿಲಿನಲ್ಲಿ ಸಖಾರಾಮರು ತೀರಿಕೊಂಡರು. ಆಶ್ರಯದ ಮರವೇ ಉರುಳಿದಂತಾಯಿತು. ಆದರೆ ಅದೇ ವರ್ಷ ‘ಟೈಮ್ಸ್ ಆಫ್ ಇಂಡಿಯಾ’ ಪತ್ರಿಕೆಯಲ್ಲಿ ‘ಒಬ್ಬ ಹಿಂದೂ ಮಹಿಳೆ’ ಎಂಬ ಅಂಕಿತದಿಂದ ಬಾಲ್ಯವಿವಾಹದ ಮೇಲೂ, ಒತ್ತಾಯದ ವೈಧವ್ಯದ ಮೇಲೂ ಎರಡು ತೀಕ್ಷ್ಣ ಪತ್ರಗಳು ಪ್ರಕಟವಾದವು. ಊರೆಲ್ಲ ಬರೆದವರಾರೆಂದು ಕುತೂಹಲಪಟ್ಟಿತು. ಬರೆದವರು ರಖಮಾಬಾಯಿಯೇ ಎಂಬುದು ಮುಂದೆ ಬಹಿರಂಗವಾಯಿತು.

೧೮೮೫ರ ಸೆಪ್ಟೆಂಬರ್ ೨೧ರಂದು ನ್ಯಾಯಮೂರ್ತಿ ಪಿನ್ಹೀಯವರು ದಾವೆಯನ್ನು ವಜಾ ಮಾಡಿದರು. ಒಮ್ಮೆಯೂ ಕೂಡಿ ಬಾಳದ, ಎಳವೆಯಲ್ಲಿ ಕೊಟ್ಟ ಹೆಣ್ಣನ್ನು ಆಕೆಯ ಇಚ್ಛೆಗೆ ವಿರುದ್ಧವಾಗಿ ಗಂಡನ ವಶಕ್ಕೊಪ್ಪಿಸುವುದು ಕ್ರೌರ್ಯವೆಂದೂ, ಇಂಥ ದಾವೆಯ ಕಲ್ಪನೆ ಇಂಗ್ಲಿಷರ ಕಾನೂನಿನಿಂದ ಬಂದದ್ದೇ ಹೊರತು ಹಿಂದೂ ಧರ್ಮಶಾಸ್ತ್ರದಲ್ಲಿ ಅದಕ್ಕೆ ಆಧಾರವಿಲ್ಲವೆಂದೂ ಅವರ ಅಭಿಪ್ರಾಯವಾಗಿತ್ತು.

ಒಡನೆಯೇ ದೇಶವೆಲ್ಲ ಎರಡು ಪಕ್ಷವಾಯಿತು. ಬೆಹರಾಮಜಿ ಮಲಬಾರಿಯವರಂಥ ಸುಧಾರಕರು ಆಕೆಯ ಕಡೆ ನಿಂತರು. ಬಾಲಗಂಗಾಧರ ತಿಲಕರ ಪತ್ರಿಕೆಗಳು ಉಗ್ರವಾಗಿ ವಿರೋಧಿಸಿದವು. ಪರಕೀಯ ಸರಕಾರದ ನ್ಯಾಯಾಲಯ ನಮ್ಮ ಮನೆಯ ಧರ್ಮದಲ್ಲಿ ಕೈಹಾಕಬಾರದೆಂಬುದು ಅವರ ವಾದ. ಲೋಕಮಾನ್ಯರ ದೇಶಭಕ್ತಿಗೆ ತಲೆಬಾಗುವ ನಾವು ಈ ಒಂದು ವಿಷಯದಲ್ಲಿ ಅವರು ಆ ಹೆಣ್ಣುಮಗಳ ಸಂಕಟವನ್ನು ಕಾಣಲಿಲ್ಲವೆಂದು ಒಪ್ಪಿಕೊಳ್ಳಬೇಕಾಗಿದೆ. ದೊಡ್ಡವರ ತಪ್ಪನ್ನು ಮರೆಮಾಚುವುದರಿಂದ ಅವರ ದೊಡ್ಡತನವೇನೂ ಹೆಚ್ಚುವುದಿಲ್ಲ.

೧೮೮೬ರಲ್ಲಿ ಮುಖ್ಯ ನ್ಯಾಯಮೂರ್ತಿ ಸಾರ್ಜಂಟ್ ಹಾಗೂ ನ್ಯಾಯಮೂರ್ತಿ ಬೇಲಿ ಅವರು ಮೇಲ್ಮನವಿಯಲ್ಲಿ ಪಿನ್ಹೀಯವರ ತೀರ್ಪನ್ನು ತಳ್ಳಿಹಾಕಿ, ಪುನರ್ವಿಚಾರಣೆಗೆ ಆಜ್ಞಾಪಿಸಿದರು. ಅಂದು ಧಾರವಾಡ, ಬೆಳಗಾವಿ, ಕಾರವಾರ ಸೀಮೆಗಳೂ ಇದೇ ಹೈಕೋರ್ಟಿನ ಅಧಿಕಾರಕ್ಕೆ ಒಳಪಟ್ಟಿದ್ದವು. ಆದ್ದರಿಂದ ಇಲ್ಲಿ ಕಟ್ಟಿದ ಗಂಟು ಕನ್ನಡನಾಡಿನ ಆ ಭಾಗದ ಹೆಣ್ಣುಮಕ್ಕಳ ಕೊರಳಿಗೂ ತಾಗುವಂಥದೇ ಆಗಿತ್ತು.

‘ಸೆರೆಮನೆಯಾದರೂ ಸರಿ’

೧೮೮೭ರ ಮಾರ್ಚ್ ೪ರಂದು ನ್ಯಾಯಮೂರ್ತಿ ಫ್ಯಾರನ್ನರು ತೀರ್ಪು ಕೊಟ್ಟರು. ರಖಮಾಬಾಯಿ ಪತಿಯ ಮನೆಗೆ ಹೋಗತಕ್ಕದ್ದು. ತಪ್ಪಿದರೆ ಆರು ತಿಂಗಳವರೆಗೆ ಸೆರೆವಾಸ. ಪರದೇಶದಲ್ಲಿ ವೈದ್ಯ ಪದವಿ ಪಡೆದು ಬಂದ ಆನಂದೀಬಾಯಿ ಜೋಶಿಯವರು ಪುಣೆಯಲ್ಲಿ ಎಳೆವಯಸ್ಸಿನಲ್ಲಿಯೇ ತೀರಿಕೊಂಡು ಆಗ ಕೇವಲ ಆರು ದಿನಗಳಾಗಿದ್ದವು. ಒಬ್ಬಾಕೆಯ ಚಿತೆ ಆರುವಷ್ಟರಲ್ಲಿ ಇನ್ನೊಬ್ಬಾಕೆಗೆ ಸೆರೆಯ ಬಾಗಿಲು ತೆರೆದಿತ್ತು.

ಈ ತೀರ್ಪಿಗೆ ಮಣಿಯುವುದಕ್ಕಿಂತ ಅದು ವಿಧಿಸಬಹುದಾದ ಪರಮಾವಧಿ ಶಿಕ್ಷೆಯನ್ನೇ ಅನುಭವಿಸುವೆನೆಂದು ರಖಮಾಬಾಯಿ ತಿಳಿಸಿದರು. ಅವರು ಓಡಿಹೋಗಲಿಲ್ಲ, ಮತಾಂತರದ ಮರೆ ಹೊಗಲಿಲ್ಲ, ಅಳುತ್ತ ಕರುಣೆ ಬೇಡಲಿಲ್ಲ. ಕಾನೂನು ಕೇಳುವ ಬೆಲೆಯನ್ನು ತೆರುತ್ತೇನೆ, ಆದರೆ ಒಪ್ಪದ ಸಂಸಾರಕ್ಕೆ ಹೋಗಲಾರೆ ಎಂದರು. ಸತ್ಯಾಗ್ರಹವೆಂಬ ಮಾತೇ ಹುಟ್ಟದ ಕಾಲದಲ್ಲಿ ಆಡಿದ ಮಾತಿದು. ಗಾಂಧೀಜಿಯವರು ಆಗಿನ್ನೂ ಹದಿನೇಳರ ಹುಡುಗ!

ಆಕೆಯ ಮನೋಗತವನ್ನು ತಿಳಿಸುವ ಪತ್ರ ಲಂಡನ್ನಿನ ಪತ್ರಿಕೆಯಲ್ಲಿಯೂ ಪ್ರಕಟವಾಗಿ ಅಲ್ಲಿಯೂ ಚರ್ಚೆಯೆದ್ದಿತು. ಮುಂಬಯಿಯಲ್ಲಿ ಆಕೆಯ ರಕ್ಷಣೆಗಾಗಿ ಸಮಿತಿಯೇರ್ಪಟ್ಟಿತು. ಕೊನೆಗೆ ೧೮೮೮ರ ಜುಲೈಯಲ್ಲಿ ರಾಜಿಯಾಗಿ, ಎರಡು ಸಾವಿರ ರೂಪಾಯಿ ಪಡೆದು ದಾದಾಜಿಯು ತನ್ನ ಹಕ್ಕನ್ನು ಬಿಟ್ಟುಕೊಟ್ಟನು. ಸೆರೆವಾಸ ತಪ್ಪಿತು. ಆದರೆ ಆ ಹಣದಿಂದ ಕೊಂಡದ್ದು ಅರ್ಧ ಬಿಡುಗಡೆ ಮಾತ್ರ. ದಾದಾಜಿಯು ಮರುವರ್ಷವೇ ಇನ್ನೊಂದು ಮದುವೆಯಾದನು. ರಖಮಾಬಾಯಿ ಮಾತ್ರ ಜೀವಮಾನದಲ್ಲಿ ಬೇರೆ ಮದುವೆಯಾಗಲಿಲ್ಲ.

ಡಾಕ್ಟರ್ ರಖಮಾಬಾಯಿ

ಇಷ್ಟಕ್ಕೇ ಕಥೆ ಮುಗಿದಿದ್ದರೆ ಅದು ಒಂದು ವ್ಯಾಜ್ಯದ ಕಥೆಯಾಗಿ ಉಳಿಯುತ್ತಿತ್ತು. ಮುಂಬಯಿಯಲ್ಲಿ ಸ್ತ್ರೀಯರಿಗಾಗಿ ೧೮೮೬ರಲ್ಲಿ ತೆರೆದ ಕಾಮಾ ಆಸ್ಪತ್ರೆಯ ಆಂಗ್ಲ ವೈದ್ಯೆ ಎಡಿತ್ ಪೀಚಿಯವರ ಪ್ರೋತ್ಸಾಹದಿಂದ ರಖಮಾಬಾಯಿ ೧೮೮೯ರಲ್ಲಿ ಇಂಗ್ಲೆಂಡಿಗೆ ಹೋಗಿ, ಲಂಡನ್ನಿನ ಮಹಿಳಾ ವೈದ್ಯಶಾಲೆಯನ್ನು ಸೇರಿದರು. ೧೮೯೪ರಲ್ಲಿ ಬ್ರಸೆಲ್ಸಿನ ಎಂ.ಡಿ. ಪದವಿಯನ್ನೂ ಪಡೆದರು. ಸ್ವದೇಶಕ್ಕೆ ಮರಳಿ ಸೂರತ್ತಿನ ಸ್ತ್ರೀಯರ ಆಸ್ಪತ್ರೆಯಲ್ಲಿ ದೀರ್ಘಕಾಲ, ಆ ಮೇಲೆ ರಾಜಕೋಟೆಯಲ್ಲಿ ಸೇವೆ ಸಲ್ಲಿಸಿದರು. ಒಟ್ಟು ಸುಮಾರು ಮೂವತ್ತೈದು ವರ್ಷಗಳ ವೃತ್ತಿ. ಪುರುಷ ವೈದ್ಯನಿಗೆ ಕೈನಾಡಿಯನ್ನೂ ಮುಟ್ಟಗೊಡದ ಮನೆಗಳ ಬಸುರಿ ಬಾಣಂತಿಯರಿಗೆ ಅಂಥ ವೈದ್ಯೆಯೊಬ್ಬಳು ಊರಲ್ಲಿರುವುದೆಂದರೆ ಜೀವದಾನವೇ ಸರಿ. ನಿವೃತ್ತಿಯ ಕಾಲದಲ್ಲಿ ಪರದೆಯ ಪದ್ಧತಿ ತೊಲಗಬೇಕೆಂದು ಒಂದು ಕಿರುಪುಸ್ತಕವನ್ನೂ ಬರೆದರು.

ಒಂದು ಸಂಗತಿ ಮಾತ್ರ ಓದಿದವರ ಮನಸ್ಸನ್ನು ಕಲಕುತ್ತದೆ. ೧೯೦೪ರಲ್ಲಿ ದಾದಾಜಿಯು ತೀರಿಕೊಂಡಾಗ, ಆತನನ್ನು ಗಂಡನೆಂದು ಒಪ್ಪದಿದ್ದ ರಖಮಾಬಾಯಿ ವಿಧವೆಯ ಬಿಳಿ ಸೀರೆಯನ್ನು ಉಟ್ಟರಂತೆ. ಲೋಕದ ಬಾಯಿಗೆ ಅಂಜಿಯೋ, ಮನದ ಯಾವ ಮೂಲೆಯ ಭಾವದಿಂದಲೋ! ರೂಢಿಯ ಕೋಟೆಯನ್ನು ಒಡೆದವರ ಮೈಮೇಲೂ ಅದರ ಧೂಳು ಉಳಿದಿರುತ್ತದೆ.

ಉಳಿದ ಲೆಕ್ಕ

ರಖಮಾಬಾಯಿಯವರ ವ್ಯಾಜ್ಯ ಎಬ್ಬಿಸಿದ ಚರ್ಚೆಯು, ವಿವಾಹಿತ ಹುಡುಗಿಯರ ಸಮ್ಮತಿಯ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸಿದ ೧೮೯೧ರ ಕಾಯಿದೆಗೆ ದಾರಿ ಮಾಡಿದ ಸಂಗತಿಗಳಲ್ಲೊಂದು. ೧೯೨೯ರ ಶಾರದಾ ಕಾಯಿದೆ ಹುಡುಗಿಯ ಮದುವೆಗೆ ಹದಿನಾಲ್ಕು ವರ್ಷವೆಂದಿತು. ೧೯೭೮ರಲ್ಲಿ ಅದು ಹದಿನೆಂಟಾಯಿತು. ಪತಿಯ ಮನೆಗೆ ಹೋಗಲೊಪ್ಪದ ಹೆಣ್ಣನ್ನು ಸೆರೆಗೆ ಹಾಕುವ ಕಲಮನ್ನು ೧೯೨೩ರಲ್ಲಿ ತೆಗೆದುಹಾಕಿದರು. ಆದರೆ ದಾವೆ ಉಳಿಯಿತು. ೧೯೫೫ರ ಮೇ ತಿಂಗಳಲ್ಲಿ ಜಾರಿಗೆ ಬಂದ ಹಿಂದೂ ವಿವಾಹ ಕಾಯಿದೆಯ ಒಂಬತ್ತನೆಯ ಕಲಮಿನಲ್ಲಿ ಅದು ಗಂಡಹೆಂಡಿರಿಬ್ಬರಿಗೂ ಅನ್ವಯಿಸುವಂತೆ ಸೇರಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ತೊಂಬತ್ತರ ವಯಸ್ಸಿನ ರಖಮಾಬಾಯಿ ಮುಂಬಯಿಯಲ್ಲಿ ಕಣ್ಣು ಮುಚ್ಚಿದರು. ೧೯೮೩ರಲ್ಲಿ ಆಂಧ್ರದ ಹೈಕೋರ್ಟು ಆ ಕಲಮು ಸಂವಿಧಾನಕ್ಕೆ ವಿರುದ್ಧವೆಂದಿತು. ಮರುವರ್ಷ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು.

ಕಾನೂನಿನ ಲೆಕ್ಕ ಹೀಗಿದೆ. ಮನೆಯ ಲೆಕ್ಕ ನಮ್ಮ ಕೈಯಲ್ಲಿದೆ. ಊರಿನಲ್ಲಿ ನಿಶ್ಚಯವಾಗುವ ಮದುವೆಗಳಿಗೆ ಹಣ ಹೋಗುವುದು ಬಹುಮಟ್ಟಿಗೆ ನಮ್ಮಿಂದ: ಮುಂಬಯಿಯ ಗಲ್ಲೆಯಿಂದ, ಪುಣೆಯ ಅಡಿಗೆಮನೆಯಿಂದ, ಮದರಾಸು ಹೈದರಾಬಾದುಗಳ ಕಚೇರಿಯ ಸಂಬಳದಿಂದ. ಹಣ ಕೊಡುವವನ ಮಾತಿಗೆ ಊರಿನಲ್ಲಿ ತೂಕವಿದೆ. ರಖಮಾಬಾಯಿಗೆ ಒಬ್ಬ ತಾಯಿ, ಒಬ್ಬ ಸಾಕುತಂದೆ, ನಾಲ್ಕು ಪುಸ್ತಕಗಳ ಬಲವಿತ್ತು. ನಮ್ಮ ತಂಗಿಯರಿಗೆ, ಮಕ್ಕಳಿಗೆ ಅಷ್ಟಾದರೂ ಬಲವಾಗಿ ನಾವು ನಿಲ್ಲಬಾರದೇಕೆ? ಹದಿನೆಂಟು ತುಂಬಿದೆಯೇ, ಓದು ಮುಗಿದಿದೆಯೇ ಎಂದು ಮೊದಲು ವಿಚಾರಿಸೋಣ. ಅನಂತರ ಅವಳೊಬ್ಬಳನ್ನೇ ಕರೆದು, “ನಿನಗೆ ಒಪ್ಪಿಗೆಯೇನಮ್ಮಾ?” ಎಂದು ಕೇಳೋಣ. ‘ಇಲ್ಲ’ವೆಂದರೆ ಅದನ್ನು ನಂಬೋಣ.

ಆ ಸಂಜೆ ನಾನು ಈ ಮಾತನ್ನು ಆ ಹುಡುಗನಿಗೆ ಹೇಳಬೇಕಾಗಿತ್ತು. ಹೇಳಲಿಲ್ಲ. ಇಂದು ತಡವಾಗಿ ಎಲ್ಲರಿಗೂ ಹೇಳುತ್ತಿದ್ದೇನೆ.