ಚಳಿಗೆ ಬೈಕ್ ಸ್ಟಾರ್ಟ್ ಆಗ್ತಿಲ್ವಾ? ತಪ್ಪು ಬೈಕಿನದ್ದಲ್ಲ, ಚೋಕ್ ಬಳಸೋ ರೀತಿಯದ್ದು

ಮೂಡಿಗೆರೆ: ಒಂದು ವಾರದಿಂದ ಬೆಳಿಗ್ಗೆ ಮಂಜು ಜೋರಾಗಿ ಬೀಳ್ತಿದೆ. ಆರು ಗಂಟೆಗೆ ಹಾಲಿನ ಡೈರಿ ಮುಂದೆ ನಿಂತರೆ ಜನರ ಮಾತಿಗಿಂತ ಕಿಕ್ಕರ್ ಹೊಡೆಯೋ ಸದ್ದೇ ಜಾಸ್ತಿ. ಹತ್ತು ಸಲ ಹೊಡೆದು ಸುಸ್ತಾಗಿ, ಕೊನೆಗೆ ಇಳಿಜಾರಲ್ಲಿ ತಳ್ಳಿ ಸ್ಟಾರ್ಟ್ ಮಾಡೋರನ್ನ ದಿನಾ ನೋಡ್ತಿದ್ದೀವಿ. "ಚಳಿಗೆ ಪೆಟ್ರೋಲ್ ಗಟ್ಟಿಯಾಗಿದೆ" ಅಂತ ಒಬ್ಬರು ಹೇಳಿದರು. ಅದು ಸುಳ್ಳು. ಲಡಾಖ್ ಚಳಿಗೂ ಪೆಟ್ರೋಲ್ ಹೆಪ್ಪುಗಟ್ಟಲ್ಲ, ಇನ್ನು ನಮ್ಮೂರಿನ ಹದಿಮೂರು, ಹದಿನಾಲ್ಕು ಡಿಗ್ರಿ ಯಾವ ಲೆಕ್ಕ?

ವಿಷಯ ಏನಂದ್ರೆ, ಪೆಟ್ರೋಲ್ ದ್ರವವಾಗಿದ್ದಾಗ ಉರಿಯಲ್ಲ. ಅದು ಆವಿಯಾಗಿ ಗಾಳಿ ಜೊತೆ ಬೆರೆತಾಗ ಮಾತ್ರ ಪ್ಲಗ್ಗಿನ ಕಿಡಿಗೆ ಹೊತ್ತಿಕೊಳ್ಳುತ್ತೆ. ಒಂದು ಪಾಲು ಪೆಟ್ರೋಲಿಗೆ ತೂಕದ ಲೆಕ್ಕದಲ್ಲಿ ಸುಮಾರು 14.7 ಪಾಲು ಗಾಳಿ ಇದ್ದರೆ ಸರಿಯಾಗಿ ಉರಿಯುತ್ತೆ. ಬಿಸಿ ಇಂಜಿನ್ನಿನಲ್ಲಿ ಈ ಲೆಕ್ಕ ತಾನಾಗೇ ಸರಿಹೋಗುತ್ತೆ. ರಾತ್ರಿಯಿಡೀ ಮಂಜಲ್ಲಿ ನಿಂತ ಇಂಜಿನ್ನಿನಲ್ಲಿ ಅರ್ಧಕ್ಕರ್ಧ ಪೆಟ್ರೋಲ್ ತಣ್ಣಗಿರೋ ಪೈಪಿನ ಗೋಡೆಗೂ ಸಿಲಿಂಡರ್ ಗೋಡೆಗೂ ಹನಿಯಾಗಿ ಅಂಟಿಕೊಂಡು ಬಿಡುತ್ತೆ. ಕಿಡಿ ಹತ್ತಿರ ಹೋಗೋದು ಬರೀ ಗಾಳಿ, ಅದರಲ್ಲಿ ಚೂರುಪಾರು ಆವಿ.

ಇನ್ನೊಂದು ತೊಂದರೆಯೂ ಇದೆ. ಕಾರ್ಬರೇಟರ್ ಕೆಲಸ ಮಾಡೋದೇ ಗಾಳಿಯ ವೇಗದ ಮೇಲೆ. ಪಿಸ್ಟನ್ ಕೆಳಗಿಳಿದಾಗ ಗಾಳಿ ಒಳಗೆ ನುಗ್ಗುತ್ತೆ, ಕಾರ್ಬರೇಟರಿನ ಕಿರಿದಾದ ಗಂಟಲಲ್ಲಿ ಅದರ ವೇಗ ಹೆಚ್ಚಿ ಒತ್ತಡ ಇಳಿಯುತ್ತೆ, ಆಗ ಕೆಳಗಿನ ಬಟ್ಟಲಿನ ಪೆಟ್ರೋಲ್ ಜೆಟ್ಟಿನ ಮೂಲಕ ಮೇಲಕ್ಕೆ ಬರುತ್ತೆ. ಆದರೆ ಕಾಲಲ್ಲಿ ಕಿಕ್ ಹೊಡೆದಾಗ ಇಂಜಿನ್ ತಿರುಗೋದು ನಿಧಾನ, ಹಾಗಾಗಿ ಎಳೆತವೂ ಕಡಿಮೆ. ಜಾಸ್ತಿ ಪೆಟ್ರೋಲ್ ಬೇಕಾದ ಹೊತ್ತಲ್ಲೇ ಕಡಿಮೆ ಬರುತ್ತೆ!

ಅದಕ್ಕೇ ಚೋಕ್ ಇರೋದು. ಚೋಕ್ ಅಂದ್ರೆ ಉಸಿರು ಕಟ್ಟಿಸೋದು. ಕೆಲವು ಕಾರ್ಬರೇಟರಿನಲ್ಲಿ ಬಾಯಿಗೆ ಒಂದು ತಗಡಿನ ಮುಚ್ಚಳ ಇರುತ್ತೆ. ಅದನ್ನ ಮುಚ್ಚಿದರೆ ಗಾಳಿ ಬರೋ ದಾರಿ ಕಟ್ಟಿ, ಒಳಗಿನ ಎಳೆತವೆಲ್ಲ ಪೆಟ್ರೋಲ್ ಮೇಲೆ ಬೀಳುತ್ತೆ. ಇನ್ನು ಕೆಲವದರಲ್ಲಿ ಮುಚ್ಚಳ ಇಲ್ಲ, ಚೋಕ್ ಎಳೆದರೆ ಹೆಚ್ಚುವರಿ ಪೆಟ್ರೋಲ್ ಬರೋ ಬೇರೆ ಸಣ್ಣ ದಾರಿ ತೆರೆಯುತ್ತೆ. ಈ ಎರಡನೇ ತರದ್ದು ಕೆಲಸ ಮಾಡಬೇಕಾದರೆ ಆಕ್ಸಿಲೇಟರ್ ಬಿಟ್ಟಿರಬೇಕು. ನಾವೇನು ಮಾಡ್ತೀವಿ? ಚೋಕ್ ಎಳೆದು, ಜೊತೆಗೆ ಆಕ್ಸಿಲೇಟರನ್ನೂ ತಿರುವಿಕೊಂಡು ಕಿಕ್ ಹೊಡೀತೀವಿ. ಆಗ ಗಾಳಿ ಸಲೀಸಾಗಿ ಒಳಗೆ ಹೋಗುತ್ತೆ, ಎಳೆತ ಬಿದ್ದುಹೋಗುತ್ತೆ, ಚೋಕ್ ಎಳೆದೂ ಪ್ರಯೋಜನ ಇಲ್ಲ. ನಿಮ್ಮದು ಯಾವ ತರದ್ದು ಅಂತ ಗೊತ್ತಿಲ್ಲದಿದ್ರೆ ಮೊದಲು ಆಕ್ಸಿಲೇಟರ್ ಮುಟ್ಟದೆ ಹೊಡೆದು ನೋಡಿ.

ಸ್ಟಾರ್ಟ್ ಆದ ಮೇಲೆ ಒಂದೆರಡು ನಿಮಿಷದಲ್ಲಿ ಚೋಕ್ ವಾಪಸ್ ಹಾಕಬೇಕು. ಇದು ನಾನು ಕಲಿತ ಪಾಠ. ಕಾಲೇಜು ಬಿಟ್ಟ ಹೊಸದರಲ್ಲಿ ಅಪ್ಪನ ಹಳೇ ಬೈಕಲ್ಲಿ ಸುದ್ದಿಗೆ ಓಡಾಡ್ತಿದ್ದೆ. ಮೈಲೇಜ್ ಕುಸಿದು, ಸೈಲೆನ್ಸರಿನಲ್ಲಿ ಕಪ್ಪು ಹೊಗೆ ಬರ್ತಿತ್ತು. ಮೆಕ್ಯಾನಿಕ್ ಅಣ್ಣ ಪ್ಲಗ್ ಬಿಚ್ಚಿ ನೋಡಿದರೆ ಮಸಿ ಹಿಡಿದಿತ್ತು. "ಏನ್ ಮಾರಾಯ, ಚೋಕ್ ಎಳ್ಕೊಂಡೇ ಊರೆಲ್ಲ ಸುತ್ತಿದೀಯಲ್ಲ!" ಅಂದ್ರು. ಪೆಟ್ರೋಲ್ ಖರ್ಚಿನ ಮಾತು ಬಿಡಿ. ಉರಿಯದೆ ಉಳಿದ ಪೆಟ್ರೋಲ್ ಸಿಲಿಂಡರ್ ಗೋಡೆ ಮೇಲಿನ ಆಯಿಲ್ ತೊಳೆದುಬಿಡುತ್ತೆ, ಕೆಳಗಿಳಿದು ಇಂಜಿನ್ ಆಯಿಲನ್ನೂ ತೆಳ್ಳಗೆ ಮಾಡುತ್ತೆ. ಪಿಸ್ಟನ್ ರಿಂಗ್ ಸವೆಯೋದು ಹೀಗೆ.

ಹಿರಿಯರಿಗೆ ಜಾವಾ, ಯೆಜ್ಡಿ ನೆನಪಿರಬಹುದು. 1960ರ ದಶಕದಿಂದ 1996ರ ತನಕ ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲೇ ಆ ಗಾಡಿಗಳು ತಯಾರಾಗ್ತಿದ್ದವು. ಅವುಗಳ ಕಾರ್ಬರೇಟರ್ ಮೇಲೆ ಟಿಕ್ಲರ್ ಅಂತ ಒಂದು ಗುಂಡಿ ಇರ್ತಿತ್ತು. ಒತ್ತಿದರೆ ಬಟ್ಟಲಿನ ಫ್ಲೋಟ್ ಕೆಳಗೆ ಅದುಮಿ ಪೆಟ್ರೋಲ್ ಮಟ್ಟ ಏರುತ್ತಿತ್ತು. ಬೆರಳಿಗೆ ಪೆಟ್ರೋಲ್ ಹತ್ತಿದರೆ ಸಾಕು ಅಂತ ಲೆಕ್ಕ, ಆಮೇಲೆ ಕಿಕ್.

ತೋಟದವರಿಗೆ ಬೈಕಿಗಿಂತ ವೀಡ್ ಕಟರ್ ಕಾಟ ದೊಡ್ಡದು. ಹಗ್ಗ ಎಳೆದು ಎಳೆದು ಭುಜ ಬಿದ್ದುಹೋಗುತ್ತೆ. ಅದರ ಕ್ರಮ ಬೇರೆ. ಮೊದಲು ರಬ್ಬರ್ ಗುಳ್ಳೆಯನ್ನ ಐದಾರು ಸಲ ಒತ್ತಿ, ಒಳಗೆ ಪೆಟ್ರೋಲ್ ಕಾಣಬೇಕು. ಚೋಕ್ ಮುಚ್ಚಿ ಹಗ್ಗ ಎಳೆಯಿರಿ. ಒಂದು ಸಲ "ಪಟ್" ಅಂತ ಕೆಮ್ಮಿ ನಿಲ್ಲುತ್ತೆ. ಆ ಸದ್ದು ಕೇಳಿದ ತಕ್ಷಣ ಚೋಕ್ ತೆಗೆದು ಮತ್ತೆ ಎಳೀಬೇಕು. ಎಲ್ಲರೂ ತಪ್ಪೋದು ಇಲ್ಲೇ. ಕೆಮ್ಮಿದ ಮೇಲೂ ಚೋಕ್ ಮುಚ್ಚೇ ಎಳೀತಾ ಹೋದರೆ ಪ್ಲಗ್ ಪೂರ್ತಿ ಒದ್ದೆ. ಒದ್ದೆ ಆದರೆ ಪ್ಲಗ್ ಬಿಚ್ಚಿ ಒರೆಸಿ ಒಣಗಿಸಿ, ಅದನ್ನ ವಾಪಸ್ ಹಾಕಿ, ಚೋಕ್ ತೆಗೆದು, ಆಕ್ಸಿಲೇಟರ್ ಪೂರ್ತಿ ಒತ್ತಿ ಎಳೆಯಿರಿ. ಬೀಡಿ ದೂರ ಇರಲಿ.

ಮಳೆಗಾಲದಿಂದ ಟ್ಯಾಂಕಲ್ಲೇ ಉಳಿದ ಪೆಟ್ರೋಲ್ ಇದ್ದರೆ ಏನು ಮಾಡಿದರೂ ಕಷ್ಟ. ಪೆಟ್ರೋಲಲ್ಲಿ ಬೇಗ ಆವಿಯಾಗೋ ಭಾಗ ಒಂದಿರುತ್ತೆ, ಚಳಿಯಲ್ಲಿ ಮೊದಲ ಕಿಡಿಗೆ ಹೊತ್ತಿಕೊಳ್ಳೋದು ಅದೇ. ಇಟ್ಟಲ್ಲೇ ಇಟ್ಟರೆ ಹಾರಿಹೋಗೋದೂ ಅದೇ ಮೊದಲು. ಈಗಿನ ಪೆಟ್ರೋಲಲ್ಲಿ ಶೇ 20ರಷ್ಟು ಎಥನಾಲ್ ಬೇರೆ ಇದೆ. ಎಥನಾಲ್ ಆವಿಯಾಗೋಕೆ ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ಬೇಕು, ಅದು ಗಾಳಿಯ ತೇವವನ್ನೂ ಹೀರಿಕೊಳ್ಳುತ್ತೆ. ನಮ್ಮ ಮಲೆನಾಡಲ್ಲಿ ತೇವಕ್ಕೇನು ಬರ ಇಲ್ಲವಲ್ಲ! ಹಳೇದನ್ನ ಸುರಿದು, ಬಟ್ಟಲು ಖಾಲಿ ಮಾಡಿ, ಹೊಸದು ಹಾಕಿ ನೋಡಿ. ಎಷ್ಟೋ ರಿಪೇರಿ ಅಲ್ಲಿಗೇ ಮುಗಿಯುತ್ತೆ.

2020ರ ಏಪ್ರಿಲ್ ನಂತರ ಬಂದ ಬಿಎಸ್ 6 ಬೈಕುಗಳಿಗೆ ಈ ಗೋಳು ಹೆಚ್ಚುಕಡಿಮೆ ಇಲ್ಲ. ಇಂಜಿನ್ ಎಷ್ಟು ತಣ್ಣಗಿದೆ ಅಂತ ಸೆನ್ಸರ್ ನೋಡಿ, ಎಷ್ಟು ಪೆಟ್ರೋಲ್ ಬಿಡಬೇಕು ಅಂತ ಕಂಪ್ಯೂಟರೇ ತೀರ್ಮಾನಿಸುತ್ತೆ. ಬ್ಯಾಟರಿ ಡೌನ್ ಆದರೆ ಮಾತ್ರ ಬೇರೆ ಕಥೆ.

ಇನ್ನು ಅಂಗಡಿಯವರಿಗೆ. ಕರೆಂಟ್ ಹೋದಾಗ ಇನ್ನೂ ಕೆಲವರು ಹಳೇ ಸೀಮೆಎಣ್ಣೆ ಜನರೇಟರ್ ಹೊರಗೆ ತೆಗೀತಾರೆ. ತಣ್ಣಗಿದ್ದಾಗ ಸೀಮೆಎಣ್ಣೆ ಆವಿಯಾಗಲ್ಲ, ಅದಕ್ಕೇ ಪೆಟ್ರೋಲಲ್ಲಿ ಸ್ಟಾರ್ಟ್ ಮಾಡಿ ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸೋದು. ನಿಲ್ಲಿಸೋಕೆ ಮುಂಚೆ ಮತ್ತೆ ಪೆಟ್ರೋಲಿಗೆ ತಿರುಗಿಸಿ ಸ್ವಲ್ಪ ಓಡಿಸಬೇಕು. ಇಲ್ಲದಿದ್ರೆ ಬಟ್ಟಲಲ್ಲಿ ಸೀಮೆಎಣ್ಣೆ ನಿಂತು ಮಾರನೇ ದಿನ ಹಗ್ಗ ಎಳೆದದ್ದೇ ಬಂತು.

ಆದರೆ ಅದಕ್ಕಿಂತ ಭಯದ ವಿಷಯ ಹೊಗೆ. ಚೋಕ್ ಹಾಕಿದ ಇಂಜಿನ್ನಿಗೆ ಗಾಳಿ ಸಾಲದೆ ಪೆಟ್ರೋಲ್ ಅರ್ಧಂಬರ್ಧ ಉರಿದು ಕಾರ್ಬನ್ ಮಾನಾಕ್ಸೈಡ್ ಜಾಸ್ತಿ ಬರುತ್ತೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಮೊದಲು ತಲೆನೋವು, ಆಮೇಲೆ ಮಂಪರು, ಎದ್ದು ಹೊರಗೆ ಹೋಗಬೇಕು ಅನ್ನೋ ಬುದ್ಧಿಯೂ ಓಡಲ್ಲ. ಚಳಿ ಅಂತ ಶಟರ್ ಅರ್ಧ ಎಳೆದು ಒಳಗೇ ಜನರೇಟರ್ ಸ್ಟಾರ್ಟ್ ಮಾಡೋದನ್ನ ನಾನೇ ಬಸ್ ಸ್ಟ್ಯಾಂಡ್ ಹತ್ತಿರ ಎರಡು ಕಡೆ ನೋಡಿದ್ದೀನಿ. ಯಜಮಾನ್ರೇ, ದಯವಿಟ್ಟು ಅದನ್ನ ಹೊರಗೆ ಬಯಲಲ್ಲಿ, ಬಾಗಿಲಿನಿಂದಲೂ ಕಿಟಕಿಯಿಂದಲೂ ದೂರ ಇಡಿ. ಉದ್ದದ ವೈರ್ ಎಳೆದುಕೊಂಡರೆ ಆಯ್ತು.